ನೀರನ್ನೂ ಅಧಿಕಾರವನ್ನೂ ಊರಿಗೆ ತಂದವರು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಕೂಡುವುದು ಪುಷ್ಯಮಾಸದ ಚಳಿಯಲ್ಲಿ. ದೂರದೂರದ ಜಿಲ್ಲೆಗಳಿಂದ ರೈತರು ತಮ್ಮ ಎತ್ತುಗಳನ್ನು ಹೊಡೆದುಕೊಂಡು ಬಂದು ಬಯಲಿನಲ್ಲಿ ಬೀಡುಬಿಡುತ್ತಾರೆ. ಹಲ್ಲು ನೋಡುವುದು, ಸುಳಿ ನೋಡುವುದು, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದು, ಇವೇ ಅಲ್ಲಿನ ವ್ಯವಹಾರ. ಆದರೆ 1987ರ ಜನವರಿಯ ಜಾತ್ರೆಯಲ್ಲಿ ಎತ್ತಿನ ಮಾತಿಗಿಂತ ಓಟಿನ ಮಾತೇ ಹೆಚ್ಚಾಗಿತ್ತು. ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಆ ತಿಂಗಳಲ್ಲಿಯೇ ಚುನಾವಣೆ ನಡೆಯುವುದಿತ್ತು. ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದುದು 1986ರಲ್ಲಿ. ವರ್ಷವೂ ತುಂಬದ ಆ ಜಿಲ್ಲೆಗೆ ಇದು ಮೊದಲ ಪರೀಕ್ಷೆ. ನಾನಾಗ ಕಾಲೇಜಿನಲ್ಲಿ ಓದುತ್ತಿದ್ದೆ. ಹಳೆಯ ಗ್ರಾಮ ಪಂಚಾಯತಿಯಲ್ಲಿ ಹಲವು ವರ್ಷ ಛೇರ್ಮನ್ನರಾಗಿದ್ದ ನಮ್ಮ ತಂದೆ ಮಂಡಲದ ಸ್ಥಾನಕ್ಕೆ ನಿಂತಿದ್ದರು. ಈ ಸಂತೆಯನ್ನೆಲ್ಲ ಹೂಡಿದ ಮನುಷ್ಯನ ಹೆಸರನ್ನು ನಾನು ಮನಸ್ಸಿಟ್ಟು ಕೇಳಿದುದು ಆ ಜಾತ್ರೆಯಲ್ಲಿಯೇ. ಅವರೇ ಅಬ್ದುಲ್ ನಜೀರ್ ಸಾಬ್.

ನಜೀರ್ ಸಾಬರು ಗುಂಡ್ಲುಪೇಟೆಯವರು. ದೊಡ್ಡ ಮನೆತನದ ಬಲವಾಗಲಿ, ದೊಡ್ಡ ಜಾತಿಯ ಬೆಂಬಲವಾಗಲಿ ಅವರಿಗಿರಲಿಲ್ಲ. ತಾಲ್ಲೂಕಿನ ಹಳ್ಳಿಗಳನ್ನು ತಿರುಗಿ ಬೆಳೆದ ಕಾರ್ಯಕರ್ತರು ಅವರು. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರವನ್ನು ರಚಿಸಿದ ಮೇಲೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಇವರ ಪಾಲಿಗೆ ಬಂದಿತು. ಮಂತ್ರಿಗಳು ಮುಗಿಬಿದ್ದು ಬೇಡುವ ಖಾತೆ ಅದಾಗಿರಲಿಲ್ಲ. ಅದನ್ನು ಎಲ್ಲರೂ ತಿರುಗಿ ನೋಡುವ ಖಾತೆಯನ್ನಾಗಿ ಮಾಡಿದವರು ಅವರೇ.

ಮೊದಲು ಅವರ ಕಣ್ಣಿಗೆ ಬಿದ್ದುದು ನೀರು. ಅವು ಬರಗಾಲದ ವರ್ಷಗಳು. ನಮ್ಮ ದೊಡ್ಡಬಳ್ಳಾಪುರದ ಕಡೆಯ ಕಷ್ಟವನ್ನಂತೂ ಹೇಳಬೇಕಾಗಿಲ್ಲ. ಇಲ್ಲಿ ಬೇಸಗೆಯಲ್ಲಿ ತುಂಬಿ ಹರಿಯುವ ಹೊಳೆಯಿಲ್ಲ. ಕೆರೆ ಬತ್ತಿದರೆ ಬಾವಿ, ಬಾವಿ ಬತ್ತಿದರೆ ದೇವರು. ಹೆಣ್ಣುಮಕ್ಕಳು ಕೊಡ ಹೊತ್ತು ನಡೆಯುವ ದೂರವನ್ನು ನಜೀರ್ ಸಾಬರು ಆಡಳಿತದ ಅಳತೆಗೋಲನ್ನಾಗಿ ಮಾಡಿಕೊಂಡರು. ಹಳ್ಳಿಹಳ್ಳಿಗೂ ಕೊಳವೆಬಾವಿ ಕೊರೆಯುವ ಯಂತ್ರ ಬಂದಿತು, ಕೈಪಂಪು ನಿಂತಿತು. ಮೇಲ್ಜಾತಿಯವರ ಬಾವಿಕಟ್ಟೆಯನ್ನು ಹತ್ತಲಾಗದೆ ಬೊಗಸೆಯೊಡ್ಡಿ ನಿಲ್ಲುತ್ತಿದ್ದ ಕೇರಿಗಳಿಗೆ ಆ ಪಂಪು ನೀರನ್ನಷ್ಟೇ ಕೊಡಲಿಲ್ಲವೆಂಬುದನ್ನು ಕಂಡವರೇ ಬಲ್ಲರು. ಜನ ಅವರ ಹೆಸರನ್ನೇ ತಿದ್ದಿ ನೀರ್ ಸಾಬ್ ಎಂದು ಕರೆದರು. ಸರ್ಕಾರ ಕೊಡುವ ಬಿರುದುಗಳಿಗಿಂತ ಇದು ಹೆಚ್ಚು ಕಾಲ ಬಾಳಿತು.

ನೀರು ಕೊಟ್ಟ ಮಂತ್ರಿಗೆ ಓಟು ಖಚಿತ. ಅಲ್ಲಿಗೇ ನಿಂತಿದ್ದರೆ ಅವರು ಜನಪ್ರಿಯರಾಗಿ ಉಳಿಯುತ್ತಿದ್ದರು. ಆದರೆ ಪಂಪು ಕೆಟ್ಟಾಗ ಅದರ ದುರಸ್ತಿಗೂ ಬೆಂಗಳೂರಿಗೆ ಅರ್ಜಿ ಬರೆಯಬೇಕಾದ ಊರು ಸ್ವತಂತ್ರವಾದ ಊರಲ್ಲವೆಂದು ಅವರಿಗೆ ತೋರಿತು. 1959ರ ಕಾಯಿದೆಯ ಪ್ರಕಾರ ಗ್ರಾಮ ಪಂಚಾಯತಿಯೂ ತಾಲ್ಲೂಕು ಬೋರ್ಡೂ ಇದ್ದುವು; ಜಿಲ್ಲೆಯ ಅಭಿವೃದ್ಧಿ ಮಂಡಳಿಗೆ ಮಾತ್ರ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ದೀಪ, ಚರಂಡಿ, ಕಂದಾಯದ ಲೆಕ್ಕ ಇಷ್ಟರಲ್ಲಿ ನಮ್ಮ ತಂದೆಯವರ ಛೇರ್ಮನ್‌ಗಿರಿ ಮುಗಿಯುತ್ತಿತ್ತು.

1983ರಲ್ಲಿ ನಜೀರ್ ಸಾಬರು ಮುಂದಿಟ್ಟ ಮಸೂದೆ ಈ ಕ್ರಮವನ್ನು ಬುಡಮೇಲು ಮಾಡುವಂತಹುದು. ಕೆಲವು ಹಳ್ಳಿಗಳನ್ನು ಕೂಡಿಸಿ ಒಂದು ಮಂಡಲ, ಅದಕ್ಕೊಬ್ಬ ಪ್ರಧಾನ. ಜಿಲ್ಲೆಗೆ ಜನರೇ ನೇರವಾಗಿ ಆರಿಸಿದ ಪರಿಷತ್ತು. ಅದರ ಅಧ್ಯಕ್ಷನಿಗೆ ರಾಜ್ಯಮಂತ್ರಿಯ ಸ್ಥಾನಮಾನ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯನಾದ ಅಧಿಕಾರಿ. ಶಾಲೆ, ಆಸ್ಪತ್ರೆ, ಕೃಷಿ ಮುಂತಾದ ಇಲಾಖೆಗಳ ಜಿಲ್ಲಾ ಮಟ್ಟದ ಕೆಲಸವೂ ಅದರ ಹಣವೂ ಪರಿಷತ್ತಿಗೆ. ಎಲ್ಲಕ್ಕಿಂತ ಮಿಗಿಲಾಗಿ, ಸ್ಥಾನಗಳಲ್ಲಿ ನಾಲ್ಕನೆಯ ಒಂದು ಭಾಗ ಸ್ತ್ರೀಯರಿಗೆ ಮೀಸಲು. ದೇಶದ ಸಂವಿಧಾನ ಈ ದಾರಿಗೆ ಬರಲು ಇನ್ನೂ ಹತ್ತು ವರ್ಷಗಳಿದ್ದುವು.

ಅಡ್ಡಿಗಳು ಹೊರಗಿನಿಂದ ಮಾತ್ರ ಬರಲಿಲ್ಲ. ತಮ್ಮ ಕ್ಷೇತ್ರದಲ್ಲಿ ಇನ್ನೊಬ್ಬ ಧಣಿ ಹುಟ್ಟುವನೆಂದು ಸ್ವಪಕ್ಷದ ಶಾಸಕರೇ ಅಳುಕಿದರು. ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬೀಳುವ ಹೊತ್ತಿಗೆ 1985 ಬಂದಿತ್ತು. ನಜೀರ್ ಸಾಬರು ಬೇಸರಿಸದೆ ಕಾದರು, ಒಲಿಸಿದರು, ಮತ್ತೆ ಮತ್ತೆ ವಾದಿಸಿದರು. ಕೊನೆಗೆ ಚುನಾವಣೆಯ ದಿನ ಬಂದಿತು.

ಎಣಿಕೆಯ ಕೊಠಡಿಯಲ್ಲಿ ನಮ್ಮ ತಂದೆಯವರ ಪರವಾಗಿ ನಾನೇ ಕುಳಿತಿದ್ದೆ. ಮತಪತ್ರಗಳನ್ನು ಬಿಡಿಸಿ, ವಿಂಗಡಿಸಿ, ಕಂತೆ ಕಟ್ಟುತ್ತಿದ್ದರು. ನಮ್ಮ ಕಂತೆ ಮೊದಮೊದಲು ಎತ್ತರವಾಗಿತ್ತು. ಕೇರಿಯ ಪೆಟ್ಟಿಗೆ ತೆರೆದ ಮೇಲೆ ಪಕ್ಕದ ಕಂತೆ ಬೆಳೆಯತೊಡಗಿತು. ಗೆದ್ದವನು ನಮ್ಮ ಹೊಲದಲ್ಲಿ ಕೂಲಿ ಮಾಡಿ ಬೆಳೆದ ಮನೆಯ ಹುಡುಗ. ನನಗೆ ಬಂದ ಕೋಪವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ನಮ್ಮ ಮನೆಯ ಅನ್ನ ಉಂಡವನು ಎಂಬ ಮಾತು ನನ್ನ ಮನಸ್ಸಿನಲ್ಲಿ ಬಂದುದು ನಿಜ. ತಂದೆ ಮಾತ್ರ ಏನೂ ಆಡಲಿಲ್ಲ. ಊರಿಗೆ ಬಂದವರೇ ಕೇರಿಯ ಪಂಪಿನ ಬಳಿ ನಿಂತು ಮುಖ ತೊಳೆದು, ಆ ಹುಡುಗನನ್ನು ಕರೆಸಿ, ಪಂಚಾಯತಿಯ ಲೆಕ್ಕ ಓದುವ ಬಗೆಯನ್ನು ಹೇಳಿಕೊಡಲು ಕುಳಿತರು. ಅವನು ಕುರ್ಚಿಯ ಅಂಚಿನಲ್ಲಿ ಕುಳಿತಿದ್ದ. ನಮ್ಮ ಮನೆಯಲ್ಲಿ ಅವನು ಕುರ್ಚಿಯ ಮೇಲೆ ಕುಳಿತುದು ಅದೇ ಮೊದಲು.

ರಾಜ್ಯದ ಫಲಿತಾಂಶವನ್ನು ಪತ್ರಿಕೆಗಳಲ್ಲಿ ಓದಿದಾಗ ನನಗೆ ಇನ್ನೊಂದು ಸೋಜಿಗ ಕಾದಿತ್ತು. ನಮ್ಮ ಮನೆಯಲ್ಲಿ ನಡೆದುದೇ ನಜೀರ್ ಸಾಬರ ಮನೆಯಲ್ಲಿಯೂ ನಡೆದಿತ್ತು. ಅವರು ಕಟ್ಟಿದ ಪರಿಷತ್ತುಗಳಲ್ಲಿ ಹಲವು ಅವರ ಎದುರಾಳಿ ಪಕ್ಷದ ಕೈಸೇರಿದ್ದುವು. ಇಂಗ್ಲೆಂಡಿನ ನಗರಗಳಲ್ಲಿ ಆಳುವ ಪಕ್ಷ ನಗರಸಭೆಯನ್ನು ಕಳೆದುಕೊಳ್ಳುವುದು ಪದ್ಧತಿಯಾಗಿ ಹೋಗಿದೆ. ನಮ್ಮಲ್ಲಿ ಅಂತಹ ಸೋಲಾದರೆ ಹಣ ತಡೆಯುವುದೂ, ಸಭೆಯನ್ನೇ ಬರಖಾಸ್ತು ಮಾಡುವುದೂ ವಾಡಿಕೆ. ನಜೀರ್ ಸಾಬರು ಆ ದಾರಿ ಹಿಡಿಯಲಿಲ್ಲ. 1987ರ ಏಪ್ರಿಲ್ ತಿಂಗಳಲ್ಲಿ ಹೊಸ ವ್ಯವಸ್ಥೆ ನಡೆಯತೊಡಗಿದಾಗ ಎದುರಾಳಿಗಳ ಜಿಲ್ಲೆಗೂ ಅಧಿಕಾರ ಸಂದಿತು. ಅವರ ಬಾಳಿನ ದೊಡ್ಡ ಗೆಲುವು ಇದೇ ಎಂದು ನಾನು ಭಾವಿಸುತ್ತೇನೆ.

ವ್ಯವಸ್ಥೆಯಲ್ಲಿ ದೋಷಗಳಿರಲಿಲ್ಲವೆಂದಲ್ಲ. ಅನೇಕ ಮಂಡಲಗಳಲ್ಲಿ ಬಲವಾದ ಜಾತಿಗಳೇ ಪ್ರಧಾನನ ಪೀಠವನ್ನು ಹಿಡಿದುವು. ಹೆಣ್ಣುಮಗಳು ಸದಸ್ಯೆಯಾದರೂ ಮಾತನಾಡಿದವನು ಗಂಡ ಎಂಬ ದೂರು ಎಲ್ಲೆಡೆಯೂ ಇದ್ದಿತು. ಆದರೂ ಮೇಷ್ಟರು ಶಾಲೆಗೆ, ವೈದ್ಯರು ಆರೋಗ್ಯ ಕೇಂದ್ರಕ್ಕೆ ಹೊತ್ತಿಗೆ ಸರಿಯಾಗಿ ಬರತೊಡಗಿದರೆಂಬುದನ್ನು ಪರಿಶೀಲಿಸಿದವರು ಒಪ್ಪಿದ್ದಾರೆ. ಲೆಕ್ಕ ಕೇಳುವವನು ಪಕ್ಕದ ಬೀದಿಯವನಾದರೆ ಹೀಗಾಗುವುದು ಸಹಜ ತಾನೇ?

ತಾವು ನೆಟ್ಟ ಗಿಡದ ನೆರಳಿನಲ್ಲಿ ಕೂರುವ ಭಾಗ್ಯ ಅವರಿಗೆ ಬಹುಕಾಲ ದೊರೆಯಲಿಲ್ಲ. ಕ್ಯಾನ್ಸರ್ ರೋಗ ಅವರನ್ನು ಹಿಡಿಯಿತು. ಕೊನೆಯ ದಿನಗಳಲ್ಲಿ ನೋಡಲು ಬಂದ ಮುಖ್ಯಮಂತ್ರಿ ಬೊಮ್ಮಾಯಿಯವರಲ್ಲಿ ಅವರು ತಮಗಾಗಿ, ತಮ್ಮವರಿಗಾಗಿ ಏನನ್ನೂ ಬೇಡದೆ, ಹಳ್ಳಿಯ ಬಡವರಿಗೆ ಸೂರು ಕಟ್ಟಿಕೊಡುವ ಯೋಜನೆಯನ್ನು ಕೈಬಿಡಬಾರದೆಂದು ಕೇಳಿಕೊಂಡರೆಂಬ ಮಾತು ನಾಡಿನಲ್ಲೆಲ್ಲ ಹರಡಿದೆ. 1988ರ ಅಕ್ಟೋಬರ್ ತಿಂಗಳಲ್ಲಿ ಅವರು ತೀರಿಕೊಂಡರು. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಅವರ ಹೆಸರನ್ನು ಹೊತ್ತಿದೆ.

ಮೊದಲ ಪರಿಷತ್ತುಗಳ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಗಳು ಬಂದು ಕುಳಿತರು. 1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿಯಾಗಿ, ಅದನ್ನನುಸರಿಸಿ ರಾಜ್ಯದಲ್ಲಿ ಹೊಸ ಕಾಯಿದೆ ಬಂದಿತು. ಮುಂದೆ ಸ್ತ್ರೀಯರ ಪಾಲು ಅರ್ಧಕ್ಕೇರಿತು. ಆದರೆ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಹೋದಾಗ ನನಗೆ ನಜೀರ್ ಸಾಬರ ನೆನಪು ಬಂದಿತು. ಸೋಲಬಹುದೆಂದು ತಿಳಿದೂ ಚುನಾವಣೆ ನಡೆಸಿದವರು ಅವರು.

ಈಗಲೂ ಪುಷ್ಯದಲ್ಲಿ ಘಾಟಿಗೆ ಹೋಗುತ್ತೇನೆ. ನಾಗರಕಲ್ಲುಗಳ ಸಾಲನ್ನು ದಾಟಿ ದೇವರ ದರ್ಶನ ಮಾಡಿ, ಬಯಲಿನ ಎತ್ತುಗಳ ನಡುವೆ ಅಡ್ಡಾಡುತ್ತೇನೆ. ಅಂದು ನಮ್ಮ ತಂದೆಯನ್ನು ಸೋಲಿಸಿದ ಹುಡುಗನೂ ಈಗ ತಲೆ ನರೆತು ಅಲ್ಲಿಗೆ ಬರುತ್ತಾನೆ. ನಮ್ಮ ತಂದೆಯ ಮಾತು ಬಂದಾಗ ಅವನು ಇಂದಿಗೂ ಅವರನ್ನು ಛೇರ್ಮನ್ನರು ಎಂದೇ ಕರೆಯುತ್ತಾನೆ.