ಉದ್ಯಮವೀರ ಜಮ್‌ಶೇಟ್‌ಜಿ ತಾತಾ

ವಾರದ ರಜೆಯ ದಿನ ಸಾಯಂಕಾಲ ಅಪೋಲೋ ಬಂದರಿನ ಕಡೆಗೆ ಗಾಳಿ ಸೇವನೆಗೆ ಹೋಗದ ಹೋಟೆಲು ಕೆಲಸಗಾರ ಮುಂಬಯಿಯಲ್ಲಿ ವಿರಳ. ಸಮುದ್ರಕ್ಕೆ ಮುಖ ಮಾಡಿ ನಿಂತ ತಾಜಮಹಲ್ ಹೋಟೆಲನ್ನು ಕತ್ತೆತ್ತಿ ನೋಡಿ, ಅದೂ ಹೋಟೆಲೇ, ನಾವು ದುಡಿಯುವುದೂ ಹೋಟೆಲೇ ಎಂದು ನಕ್ಕು ಮುಂದೆ ಸಾಗುವವರೇ ಹೆಚ್ಚು. ಅದನ್ನು ಕಟ್ಟಿಸಿದವರಾರು, ಅವರು ಪಟ್ಟ ಪಾಡೇನು ಎಂಬುದನ್ನು ಅರಿಯುವುದು ಇದೇ ವೃತ್ತಿಯಲ್ಲಿರುವ ನಮಗೆ ಅವಶ್ಯ. ಬೆಂಗಳೂರಿನವರು ತಾತಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ವಿಜ್ಞಾನ ಮಂದಿರವೂ ಅದೇ ಪುರುಷರ ಸಂಕಲ್ಪದ ಫಲ. ಆದುದರಿಂದ ಕನ್ನಡಿಗರಾಗಿಯೂ ಅವರ ಋಣ ನಮ್ಮ ಮೇಲಿದೆ.

ಜಮ್‌ಶೇಟ್‌ಜಿ ನಸರವಾನ್‌ಜಿ ತಾತಾ ಅವರು 1839ನೆಯ ಇಸವಿ ಮಾರ್ಚಿ 3ರಂದು ಗುಜರಾತಿನ ನವಸಾರಿಯಲ್ಲಿ ಜನಿಸಿದರು. ಅವರದು ಪಾರ್ಸಿ ಪುರೋಹಿತರ ವಂಶ. ತಲೆತಲಾಂತರದಿಂದ ಪವಿತ್ರಾಗ್ನಿಯ ಸೇವೆ ಮಾಡಿಕೊಂಡು ಬಂದ ಆ ಮನೆತನದಲ್ಲಿ ಮೊದಲು ತಕ್ಕಡಿ ಹಿಡಿದವರು ತಂದೆ ನಸರವಾನ್‌ಜಿ. ಅವರು ಊರು ಬಿಟ್ಟು ಮುಂಬಯಿಗೆ ಬಂದು ವ್ಯಾಪಾರ ಹೂಡಿದ್ದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಮಗನೂ ಮುಂಬಯಿ ಸೇರಿದರು. ಅದೇ ವಯಸ್ಸಿನಲ್ಲಿ ಊರು ಬಿಟ್ಟು ಈ ಪಟ್ಟಣಕ್ಕೆ ಬಂದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ನಾವು ಬಂದುದು ಲೋಟ ತೊಳೆಯುವುದಕ್ಕೆ, ಅವರು ಬಂದುದು ಓದುವುದಕ್ಕೆ, ವ್ಯತ್ಯಾಸ ಅಷ್ಟೇ. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1858ರಲ್ಲಿ ಇಂದಿನ ಪದವಿಗೆ ಸಮನಾದ ಪರೀಕ್ಷೆಯಲ್ಲಿ ಅವರು ಉತ್ತೀರ್ಣರಾದರು. ಓದುವ ಹವ್ಯಾಸವನ್ನು ಆಮೇಲೂ ಅವರು ಬಿಡಲಿಲ್ಲ.

1859ರಲ್ಲಿ ತಂದೆ ಅವರನ್ನು ಹಾಂಗ್‌ಕಾಂಗಿಗೆ ಕಳುಹಿಸಿದರು. ಅಂದಿನ ಮುಂಬಯಿ ವರ್ತಕರು ಚೀನಕ್ಕೆ ಸಾಗಿಸುತ್ತಿದ್ದ ಮುಖ್ಯ ಸರಕುಗಳು ಹತ್ತಿ ಮತ್ತು ಅಫೀಮು. ತಾತಾ ಮನೆತನವೂ ಅವನ್ನೇ ವ್ಯಾಪಾರ ಮಾಡಿತು. ಮಹಾಪುರುಷರ ಚರಿತ್ರೆ ಹೇಳುವಾಗ ಇಂಥದನ್ನು ಮುಚ್ಚಿಡುವುದು ಯೋಗ್ಯವಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದಾಯಿತು. ಭಾರತದ ಹತ್ತಿಗೆ ಚಿನ್ನದ ಬೆಲೆ ಬಂದು ಮುಂಬಯಿಯಲ್ಲಿ ಹಣದ ಹೊಳೆಯೇ ಹರಿಯಿತು. ಕಂಪೆನಿಗಳೂ ಬ್ಯಾಂಕುಗಳೂ ಅಣಬೆಗಳಂತೆ ಎದ್ದವು. 1865ರಲ್ಲಿ ಯುದ್ಧ ನಿಂತುದೇ ತಡ, ಹತ್ತಿಯ ಬೆಲೆ ಕುಸಿದು, ನಿನ್ನೆಯ ಲಕ್ಷಾಧೀಶ್ವರರು ಬೆಳಗಾಗುವುದರೊಳಗೆ ಸಾಲಗಾರರಾದರು.

ಆಗ ಜಮ್‌ಶೇಟ್‌ಜಿಯವರು ಲಂಡನ್ನಿನಲ್ಲಿದ್ದರು. ಕೈಯಲ್ಲಿದ್ದ ಹುಂಡಿಗಳು ಬರಿಯ ಕಾಗದವಾದವು. ಇಪ್ಪತ್ತಾರರ ತರುಣ, ಪರದೇಶ, ಸುತ್ತಲೂ ಸಾಲಗಾರರ ಕಾಟ! ಅವರು ಓಡಿಹೋಗಲಿಲ್ಲ, ಲೆಕ್ಕ ತಿದ್ದಲೂ ಇಲ್ಲ. ಸಾಲ ಕೊಟ್ಟವರ ಮುಂದೆ ನೇರವಾಗಿ ನಿಂತು, ಇರುವುದೆಷ್ಟು ಹೋದುದೆಷ್ಟು ಎಂಬುದನ್ನೆಲ್ಲ ಬಿಚ್ಚಿಟ್ಟರು. ಆ ನಿಷ್ಕಪಟತೆಗೆ ಮೆಚ್ಚಿದ ಸಾಹುಕಾರರು, ಮುಳುಗಿದ ವ್ಯವಹಾರದ ಲೆಕ್ಕ ಚುಕ್ತಾ ಮಾಡುವ ಹೊಣೆಯನ್ನು ಅವರಿಗೇ ಒಪ್ಪಿಸಿದರು. ಹಣ ಹೋದರೂ ಮಾತು ಉಳಿಯಿತು. ಗಲ್ಲಾಪೆಟ್ಟಿಗೆಯ ಹಿಂದೆ ಹಲವು ವರ್ಷ ಕುಳಿತ ನಾವು ಅನುಭವದಿಂದ ಹೇಳುತ್ತೇವೆ: ಅಕ್ಕಿ ಅಂಗಡಿಯವನಿಗೂ ಹಾಲಿನವನಿಗೂ ಬಾಕಿ ನಿಂತ ದಿನ ಹಿಂದಿನ ಬಾಗಿಲಿನಿಂದ ಜಾರಿಕೊಳ್ಳುವುದು ಸುಲಭ, ಮುಂದಿನ ಬಾಗಿಲಲ್ಲಿ ನಿಂತು ಸತ್ಯ ನುಡಿಯುವುದು ಕಷ್ಟ. ಆದರೆ ಮರುದಿನ ಅಂಗಡಿ ತೆರೆಯಲಾಗುವುದು ಎರಡನೆಯವನಿಗೆ ಮಾತ್ರ.

1868ರಲ್ಲಿ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಕೇವಲ 21,000 ರೂಪಾಯಿ ಮೂಲಧನದಿಂದ ಅವರು ಸ್ವಂತ ವ್ಯಾಪಾರ ಆರಂಭಿಸಿದರು. ಅದೇ ಕಾಲಕ್ಕೆ ಅಬಿಸೀನಿಯಕ್ಕೆ ಹೊರಟ ಬ್ರಿಟಿಷ್ ಸೈನ್ಯಕ್ಕೆ ಸಾಮಗ್ರಿ ಒದಗಿಸುವ ಗುತ್ತಿಗೆಯಲ್ಲಿ ಮನೆತನಕ್ಕೆ ಲಾಭ ಬಂದಿತು. ಮರುವರ್ಷ ಚಿಂಚ್‌ಪೋಕ್ಳಿಯಲ್ಲಿ ಕೆಟ್ಟು ನಿಂತಿದ್ದ ಎಣ್ಣೆ ಗಿರಣಿಯೊಂದನ್ನು ಕೊಂಡು ಬಟ್ಟೆ ಗಿರಣಿಯಾಗಿ ಮಾರ್ಪಡಿಸಿ, ಎರಡು ವರ್ಷಗಳಲ್ಲಿ ಲಾಭಕ್ಕೆ ಮಾರಿದರು. ಬಳಿಕ ಲ್ಯಾಂಕಾಶಾಯರಿಗೆ ಹೋಗಿ ಅಲ್ಲಿಯ ಗಿರಣಿಗಳನ್ನು ಕಣ್ಣಾರೆ ಕಂಡು ಬಂದರು.

ಎಲ್ಲರೂ ಮುಂಬಯಿಯಲ್ಲೇ ಗಿರಣಿ ಕಟ್ಟುತ್ತಿದ್ದಾಗ ಅವರು ಆರಿಸಿಕೊಂಡುದು ನಾಗಪುರವನ್ನು. ಹತ್ತಿ ಬೆಳೆಯುವ ಸೀಮೆ ಪಕ್ಕದಲ್ಲೇ ಇದೆ, ಕಲ್ಲಿದ್ದಲು ದೂರವಿಲ್ಲ, ರೈಲು ಬಂದಿದೆ. ಹತ್ತಿಯನ್ನು ಮುಂಬಯಿಗೆ ಹೊತ್ತು ತಂದು ಬಟ್ಟೆಯನ್ನು ಮತ್ತೆ ಒಳನಾಡಿಗೆ ಹೊರುವುದೇಕೆ ಎಂಬುದು ಅವರ ಲೆಕ್ಕಾಚಾರ. 15 ಲಕ್ಷ ರೂಪಾಯಿ ಮೂಲಧನದ ಕಂಪೆನಿ 1874ರಲ್ಲಿ ಸ್ಥಾಪನೆಯಾಗಿ, 1877ರ ಜನವರಿ 1ರಂದು ಎಂಪ್ರೆಸ್ ಗಿರಣಿ ಆರಂಭವಾಯಿತು. ಅದರ ಆಡಳಿತಕ್ಕೆ ನೇಮಕವಾದ ಬೆಜೋನ್‌ಜಿ ದಾದಾಭಾಯಿ ಮೆಹತಾ ಎಂಬವರು ರೈಲ್ವೆಯಲ್ಲಿ ದುಡಿದವರೇ ಹೊರತು ನೂಲಿನ ಕೆಲಸ ಬಲ್ಲವರಲ್ಲ. ಕಲಿತ ಕಸಬಿಗಿಂತ ಮನುಷ್ಯನ ಯೋಗ್ಯತೆಯನ್ನು ನೋಡಿ ಜವಾಬ್ದಾರಿ ಕೊಡುವುದು ಜಮ್‌ಶೇಟ್‌ಜಿಯವರ ಕ್ರಮವಾಗಿತ್ತು. ಆ ನಂಬಿಕೆ ಹುಸಿಯಾಗಲಿಲ್ಲ.

ಕೆಲಸಗಾರರು ಪದೇಪದೇ ಗೈರುಹಾಜರಾದಾಗ ಅವರು ದಂಡಕ್ಕಿಂತ ಹೆಚ್ಚಾಗಿ ಬಹುಮಾನವನ್ನು ನಂಬಿದರು. ಗಿರಣಿಯೊಳಗೆ ಗಾಳಿಯಾಡುವ ವ್ಯವಸ್ಥೆ, ಬೆಂಕಿ ನಂದಿಸುವ ಸಾಧನ, 1886ರಲ್ಲಿ ನಿವೃತ್ತಿ ನಿಧಿ, 1895ರಲ್ಲಿ ಅಪಘಾತಕ್ಕೆ ಪರಿಹಾರ, ಇವೆಲ್ಲ ಬಂದವು. ಸರಕಾರದ ಅಪಘಾತ ಪರಿಹಾರ ಕಾಯಿದೆ ಬಂದುದು 1923ರಲ್ಲಿ ಎಂಬುದನ್ನು ನೆನೆದರೆ ಇದರ ಮಹತ್ವ ತಿಳಿದೀತು. ಆದರೂ ಅಂದಿನ ಗಿರಣಿಗಳ ದುಡಿಮೆ ಬೆಳಗಿನ ಬೆಳಕಿನಿಂದ ಸಂಜೆಯ ಕತ್ತಲೆಯವರೆಗೆ; ಗಿರಣಿಯ ಬಾಳು ಸುಖದ ಬಾಳಾಗಿತ್ತೆಂದು ಭಾವಿಸಬಾರದು.

ಸೋಲೂ ಅವರಿಗೆ ಅಪರಿಚಿತವಲ್ಲ. 1886ರಲ್ಲಿ ಕುರ್ಲಾದ ಧರಮ್‌ಸಿ ಗಿರಣಿಯನ್ನು ಸುಮಾರು 12½ ಲಕ್ಷ ರೂಪಾಯಿಗೆ ಕೊಂಡು ಸ್ವದೇಶೀ ಗಿರಣಿ ಎಂದು ಹೆಸರಿಟ್ಟರು. ಯಂತ್ರಗಳು ಜೀರ್ಣವಾಗಿದ್ದವು, ನಷ್ಟದ ಮೇಲೆ ನಷ್ಟವಾಯಿತು, ಶೇರುಗಳ ಬೆಲೆ ಇಳಿಯಿತು, ಪೇಟೆಯಲ್ಲಿ ಪಿಸುಮಾತು ಹಬ್ಬಿತು. ಅವರು ಹಠ ಬಿಡದೆ ಸ್ವಂತದ ಹಣ ಸುರಿದು, ನಾಗಪುರದಿಂದ ನುರಿತವರನ್ನು ಕರೆಯಿಸಿ, ಗಿರಣಿಯನ್ನು ಎತ್ತಿ ನಿಲ್ಲಿಸಿದರು. ಇನ್ನೊಂದು ಸಾಹಸ ಮಾತ್ರ ಕೈಗೂಡಲಿಲ್ಲ. ಚೀನ ಜಪಾನುಗಳಿಗೆ ನೂಲು ಸಾಗಿಸಲು ವಿದೇಶೀ ಹಡಗಿನವರು ವಿಪರೀತ ಬಾಡಿಗೆ ಕೇಳುತ್ತಿದ್ದುದರಿಂದ, ಜಪಾನೀಯರೊಡನೆ ಸೇರಿ ಅವರು ತಮ್ಮದೇ ಹಡಗಿನ ಮಾರ್ಗ ಹೂಡಿದರು. ಎದುರಾಳಿಗಳು ಬಾಡಿಗೆಯನ್ನು ಹಠಾತ್ತಾಗಿ ಇಳಿಸಿದರು. ನಮ್ಮ ವರ್ತಕರೇ ಅಗ್ಗಕ್ಕೆ ಆಸೆಪಟ್ಟು ಕೈಬಿಟ್ಟರು. ತಾತಾ ಮಾರ್ಗ ಮುಚ್ಚಿತು. ಸ್ಪರ್ಧೆ ಹೋದ ಮೇಲೆ ಬಾಡಿಗೆ ಮತ್ತೆ ಏರಿತು.

1893ರಲ್ಲಿ ಜಪಾನಿನ ಯೋಕೊಹಾಮಾದಿಂದ ವ್ಯಾಂಕೂವರಿಗೆ ಹೊರಟ ಹಡಗಿನಲ್ಲಿ ಅವರಿಗೆ ಸಹಪ್ರಯಾಣಿಕರಾಗಿ ದೊರೆತವರು ಸ್ವಾಮಿ ವಿವೇಕಾನಂದರು. ಐದು ವರ್ಷಗಳ ಬಳಿಕ ಅವರು ಸ್ವಾಮಿಗಳಿಗೆ ಪತ್ರ ಬರೆದು, ತ್ಯಾಗಬುದ್ಧಿಯನ್ನು ವಿಜ್ಞಾನದ ಸಾಧನೆಗೆ ತಿರುಗಿಸುವ ಕಾರ್ಯದಲ್ಲಿ ನೆರವು ಬೇಡಿದರು. ಅಷ್ಟರಲ್ಲಿ ಅವರ ಮನಸ್ಸಿನಲ್ಲಿ ಒಂದು ಯೋಜನೆ ರೂಪುಗೊಂಡಿದ್ದಿತು. ಮುಂಬಯಿಯಲ್ಲಿದ್ದ ಸುಮಾರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಧಾರೆಯೆರೆದು, ಭಾರತೀಯರು ಸಂಶೋಧನೆ ನಡೆಸುವ ವಿದ್ಯಾಮಂದಿರವೊಂದನ್ನು ಸ್ಥಾಪಿಸಬೇಕೆಂಬುದೇ ಅದು. ವೈಸರಾಯ್ ಕರ್ಜನ್ ಸಾಹೇಬರು ಶಂಕೆಗಳನ್ನೆತ್ತಿದರು. ಕಾಗದಪತ್ರಗಳಲ್ಲಿ ವರ್ಷಗಳು ಉರುಳಿದವು. ಸ್ಥಳಪರೀಕ್ಷೆಗೆ ಬಂದ ರಸಾಯನ ಶಾಸ್ತ್ರಜ್ಞ ವಿಲಿಯಂ ರಾಮ್ಸೆಯವರು ಬೆಂಗಳೂರನ್ನು ಸೂಚಿಸಿದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲೇ ಮೈಸೂರು ಸಂಸ್ಥಾನ ಇದಕ್ಕೆ ಒಲವು ತೋರಿತ್ತು. ಮುಂದೆ 371 ಎಕರೆ ಭೂಮಿ, ಕಟ್ಟಡಕ್ಕೆ 5 ಲಕ್ಷ ರೂಪಾಯಿ ಮತ್ತು ವರ್ಷಕ್ಕೆ 50,000 ರೂಪಾಯಿ ಸಹಾಯಧನವನ್ನು ಅದು ನೀಡಿತು. ಬೆಂಗಳೂರಿನಲ್ಲಿ ಜಪಾನೀ ತಜ್ಞರ ನೆರವಿನಿಂದ ಅವರು ಸ್ಥಾಪಿಸಿದ ರೇಷ್ಮೆ ತೋಟದ ಹೆಸರು ಬಸವನಗುಡಿಯ ಬಳಿ ಇಂದಿಗೂ ಉಳಿದಿದೆ.

ಇನ್ನು ನಮ್ಮ ವೃತ್ತಿಯ ವಿಷಯ. ಬಿಳಿಯರ ಹೋಟೆಲೊಂದರಲ್ಲಿ ತಮಗೆ ಪ್ರವೇಶ ದೊರೆಯದ ಸಿಟ್ಟಿನಿಂದ ಅವರು ತಾಜನ್ನು ಕಟ್ಟಿಸಿದರೆಂಬ ಕಥೆ ಎಲ್ಲರ ಬಾಯಲ್ಲೂ ಇದೆ. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. 1896ರಲ್ಲಿ ಬಂದ ಪ್ಲೇಗಿನಿಂದ ಮುಂಬಯಿ ತತ್ತರಿಸಿದ್ದ ಕಾಲದಲ್ಲಿ, ಊರಿನ ಮೇಲಿನ ಪ್ರೀತಿಯಿಂದಲೇ ಅವರು ಸ್ವಂತ ಹಣ ತೊಡಗಿಸಿದರೆಂಬುದು ಹೆಚ್ಚು ಸಮಂಜಸ. ವಿಜ್ಞಾನ ಮಂದಿರ ಕಟ್ಟುತ್ತೇನೆ, ಉಕ್ಕಿನ ಕಾರಖಾನೆ ಕಟ್ಟುತ್ತೇನೆ ಎನ್ನುವ ಅಣ್ಣ ಈಗ ಊಟದ ಖಾನಾವಳಿಯನ್ನೂ ತೆರೆಯಹೊರಟರೇ ಎಂದು ಸೋದರಿಯೊಬ್ಬರು ಮೂಗು ಮುರಿದರೆಂದು ಪ್ರತೀತಿ. ಹೋಟೆಲಿನ ಕೆಲಸವೆಂದರೆ ಮೂಗು ಮುರಿಯುವುದು ಇಂದು ನಿನ್ನೆಯ ವಾಡಿಕೆಯಲ್ಲ! ಅಣ್ಣನವರು ಲಕ್ಷ್ಯ ಕೊಡಲಿಲ್ಲ. ಸ್ವತಃ ಯುರೋಪಿನಲ್ಲಿ ಅಲೆದು ವಿದ್ಯುದ್ಯಂತ್ರ, ದೀಪ ಮೊದಲಾದವನ್ನು ಆರಿಸಿ ತಂದರು. 1903ರ ಡಿಸೆಂಬರ್ 16ರಂದು, ಕಟ್ಟಡ ಪೂರ್ಣವಾಗುವ ಮೊದಲೇ, ಹದಿನೇಳು ಮಂದಿ ಅತಿಥಿಗಳೊಡನೆ ತಾಜಮಹಲ್ ಹೋಟೆಲು ಬಾಗಿಲು ತೆರೆಯಿತು. ಅದರ ಎದುರಿನ ಗೇಟ್‌ವೇ ಕಮಾನು ಎದ್ದುದು ಎಷ್ಟೋ ವರ್ಷಗಳ ಬಳಿಕ, 1924ರಲ್ಲಿ.

ಉಕ್ಕಿನ ಕನಸು ಎಲ್ಲಕ್ಕಿಂತ ಹಳೆಯದು. 1882ರಲ್ಲಿ ಚಾಂದಾ ಜಿಲ್ಲೆಯ ಅದಿರಿನ ಕುರಿತು ಜರ್ಮನ್ ಭೂಶಾಸ್ತ್ರಜ್ಞರೊಬ್ಬರು ಬರೆದ ವರದಿ ಅವರ ಕೈಗೆ ಸಿಕ್ಕಿತ್ತು. ಗಣಿಯ ನಿಯಮಗಳು ಸಡಿಲವಾಗಲು ಹದಿನೇಳು ವರ್ಷ ಕಾದರು. 1902ರಲ್ಲಿ, ಅರವತ್ತು ದಾಟಿದ ಮೇಲೆ, ಅಮೆರಿಕದ ಪಿಟ್ಸ್‌ಬರ್ಗಿಗೆ ಹೋಗಿ ಕುಲುಮೆಗಳನ್ನು ನೋಡಿದರು. ಚಾರ್ಲ್ಸ್ ಪೇಜ್ ಪೆರಿನ್ ಎಂಬ ತಜ್ಞರನ್ನು ಭಾರತದ ಕೆಲಸಕ್ಕೆ ಒಪ್ಪಿಸಿದರು. ಕಾರಖಾನೆಯ ಸ್ಥಳವೇ ಗೊತ್ತಾಗದಿದ್ದ ಆ ವರ್ಷವೇ ಮಗ ದೋರಾಬ್‌ಜಿಗೆ ಪತ್ರ ಬರೆದು, ಕೆಲಸಗಾರರ ಊರಿನಲ್ಲಿ ವಿಶಾಲ ಬೀದಿಗಳಿರಲಿ, ನೆರಳಿನ ಮರಗಳಿರಲಿ, ಆಟದ ಬಯಲು, ದೇವಾಲಯ, ಮಸೀದಿ, ಇಗರ್ಜಿಗಳಿಗೆ ಸ್ಥಳ ಬಿಟ್ಟಿರಲಿ ಎಂದು ಸೂಚಿಸಿದರು. ಸಹ್ಯಾದ್ರಿಯ ಮಳೆನೀರನ್ನು ಕಟ್ಟಿ ನಿಲ್ಲಿಸಿ ಮುಂಬಯಿಗೆ ವಿದ್ಯುಚ್ಛಕ್ತಿ ತರುವ ಯೋಜನೆಯೂ ಅದೇ ಕಾಲದ್ದು.

1904ರ ಮಾರ್ಚಿಯಲ್ಲಿ ಪತ್ನಿ ಹೀರಾಬಾಯಿ ತೀರಿಕೊಂಡರು. ಆಗಲೇ ಅಸ್ವಸ್ಥರಾಗಿದ್ದ ಜಮ್‌ಶೇಟ್‌ಜಿಯವರು ಮೇ 19ರಂದು ಜರ್ಮನಿಯ ನಾವುಹೈಮಿನಲ್ಲಿ ಕಣ್ಣು ಮುಚ್ಚಿದರು. ಇಂಗ್ಲೆಂಡಿನ ಬ್ರೂಕ್‌ವುಡ್ಡಿನಲ್ಲಿ ಅವರ ಸಮಾಧಿ ಇದೆ. ಉಕ್ಕು, ವಿದ್ಯುತ್ತು, ವಿಜ್ಞಾನ ಮಂದಿರ, ಈ ಮೂರರಲ್ಲಿ ಒಂದನ್ನೂ ಅವರು ಕಾಣಲಿಲ್ಲ. ಕಂಡುದು ಹೋಟೆಲೊಂದನ್ನೇ.

ಮಕ್ಕಳಾದ ದೋರಾಬ್‌ಜಿ, ರತನ್‌ಜಿ ಮತ್ತು ಅವರ ಸಹೋದ್ಯೋಗಿಗಳು ತಂದೆಯ ಮಾತನ್ನು ನೆಲಕ್ಕೆ ಬೀಳಗೊಡಲಿಲ್ಲ. 1907ರಲ್ಲಿ ಉಕ್ಕಿನ ಕಂಪೆನಿಗೆ ಹಣ ಬೇಕಾದಾಗ, ಮೂರು ವಾರಗಳಲ್ಲಿ ಸುಮಾರು 8,000 ಭಾರತೀಯರು ಶೇರುಗಳನ್ನು ಕೊಂಡರು. 1912ರಲ್ಲಿ ಸಾಕ್ಚಿಯಲ್ಲಿ ಉಕ್ಕು ಹರಿಯಿತು. 1919ರಲ್ಲಿ ಆ ಊರು ಜಮ್‌ಶೇಡ್‌ಪುರವಾಯಿತು. ಅಲ್ಲಿಯೂ ಕೂಲಿಯ ಪ್ರಶ್ನೆಗೆ 1920ರಲ್ಲೂ 1922ರಲ್ಲೂ ಮುಷ್ಕರಗಳಾದವು; ಒಳ್ಳೆಯ ಸಂಕಲ್ಪವೊಂದರಿಂದಲೇ ಎಲ್ಲವೂ ಸರಿಹೋಗದು. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಮುಂದೆ 1933ರಲ್ಲಿ ಸಿ. ವಿ. ರಾಮನ್ ಅದರ ಪ್ರಥಮ ಭಾರತೀಯ ನಿರ್ದೇಶಕರಾದರು. 1915ರಲ್ಲಿ ಖೋಪೋಲಿಯ ವಿದ್ಯುತ್ತು ಮುಂಬಯಿಯ ಗಿರಣಿಗಳನ್ನು ತಲುಪಿತು. ಮುಂಬಯಿಯ ಆ ಗಿರಣಿಗಳಲ್ಲಿ ಬಹುತೇಕ ಇಂದು ಇಲ್ಲ, ವಿದ್ಯಾಮಂದಿರ ಉಳಿದಿದೆ.

ಸೋದರಿ ಮೂಗು ಮುರಿದ ಆ ಖಾನಾವಳಿಯೂ ಉಳಿದಿದೆ. 2008ರ ನವೆಂಬರಿನಲ್ಲಿ ಹಂತಕರು ಅದರೊಳಗೆ ನುಗ್ಗಿದಾಗ, ಅಲ್ಲಿಯ ಅಡಿಗೆಯವರೂ ಬಡಿಸುವವರೂ ಓಡಿಹೋಗದೆ ಅತಿಥಿಗಳಿಗೆ ಅಡ್ಡ ನಿಂತರು. ಹಲವರು ಪ್ರಾಣವನ್ನೇ ತೆತ್ತರು. ಲಂಡನ್ನಿನಲ್ಲಿ ಸಾಲಗಾರರ ಮುಂದೆ ನಿಂತ ಯಜಮಾನರಿಗೆ ತಕ್ಕ ಕೆಲಸಗಾರರು!

ಹಗಲೆಲ್ಲ ಮೇಜು ಒರೆಸಿ ಸಂಜೆ ರಾತ್ರಿ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತಾ ಓದುವ ತಮ್ಮಂದಿರೇ, ಮುಂದಿನ ರಜೆಯಲ್ಲಿ ಅಪೋಲೋ ಬಂದರಿಗೆ ಹೋದಾಗ ಆ ಗುಮ್ಮಟವನ್ನು ಮತ್ತೊಮ್ಮೆ ನೋಡಿರಿ. ಎಲ್ಲರಿಗೂ ಅಂಥದು ಕಟ್ಟಲಾಗದು. ಆದರೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು 21,000 ರೂಪಾಯಿಯೂ ಬೇಡ.