ಶ್ರೀಸಭೆಯ ಹಡಗನ್ನು ಹೆಗಲಿನಲ್ಲಿ ಹೊತ್ತವರು: ಸಿಯೆನಾದ ಸಂತ ಕತರೀನಮ್ಮ

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದರೆ ದೇವಾಲಯಕ್ಕೆ ಅಡಿಗಲ್ಲು ಇಟ್ಟವರಾರು, ಗೋಪುರವನ್ನೆತ್ತಿಸಿದವರಾರು, ಗಂಟೆಯನ್ನು ದಾನವಿತ್ತವರಾರು ಎಂಬುದನ್ನು ಕೃತಜ್ಞತೆಯಿಂದ ದಾಖಲಿಸುವುದು ವಾಡಿಕೆ. ಅದು ಉಚಿತವೂ ಹೌದು. ನಾವಾದರೋ ಈ ಪುಟಗಳಲ್ಲಿ ಶ್ರೀಸಭೆಯಲ್ಲಿ ಯಾವ ಅಧಿಕಾರವನ್ನೂ ಪಡೆಯದೆ, ತಾರುಣ್ಯ ಕಳೆಯುವವರೆಗೂ ಅಕ್ಷರವನ್ನೇ ಅರಿಯದೆ, ಮೂವತ್ತಮೂರನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದ ಓರ್ವ ಬಣ್ಣಗಾರನ ಮಗಳ ಜೀವನವನ್ನು ಸ್ಮರಿಸಬಯಸಿದ್ದೇವೆ. ಶ್ರೀಸಭೆಯ ಗೋಡೆಗಳೇ ಬಿರುಕುಬಿಟ್ಟ ಕಾಲದಲ್ಲಿ ಬದುಕಿದ್ದವರು ಅವರು.

ಇಟಲಿಯ ಟಸ್ಕನಿ ಸೀಮೆಯ ಸಿಯೆನಾ ನಗರಕ್ಕೆ ಇಂದು ಹೋದವರು ಅಲ್ಲಿನ ಪ್ರಧಾನಾಲಯದ ಪಕ್ಕದಲ್ಲಿ ಛಾವಣಿಯಿಲ್ಲದೆ ನಿಂತಿರುವ ಒಂದು ಮಹಾಗೋಡೆಯನ್ನು ಕಾಣುತ್ತಾರೆ. 1339ರಲ್ಲಿ ಆ ನಗರದ ಜನರು ಇದ್ದ ಪ್ರಧಾನಾಲಯವನ್ನೇ ಒಂದು ಪಾರ್ಶ್ವವನ್ನಾಗಿ ಮಾಡಿಕೊಂಡು, ಅದಕ್ಕಿಂತ ಎಷ್ಟೋ ದೊಡ್ಡದಾದ ಆಲಯವನ್ನು ಕಟ್ಟಲು ತೊಡಗಿದರು. 1348ರಲ್ಲಿ ಮಹಾಮಾರಿ ಪ್ಲೇಗ್ ಬಂದೆರಗಿತು. ನಗರದ ಅರ್ಧದಷ್ಟು ಜನರಾದರೂ ಅಳಿದರೆಂದು ಇತಿಹಾಸಕಾರರ ಅಂದಾಜು. ಕೆಲಸ ನಿಂತಿತು, ಮತ್ತೆ ಮುಂದುವರಿಯಲಿಲ್ಲ. ಆ ಮಾರಿ ಬರುವುದಕ್ಕೆ ಒಂದು ವರ್ಷ ಮೊದಲು, 1347ರಲ್ಲಿ, ಅದೇ ನಗರದ ಫೊಂತೆಬ್ರಾಂದಾ ಕೇರಿಯಲ್ಲಿ ಉಣ್ಣೆಬಟ್ಟೆಗೆ ಬಣ್ಣ ಹಾಕುವ ಜಾಕೊಮೊ ಬೆನಿಂಕಾಸ ಎಂಬವನ ಮನೆಯಲ್ಲಿ ಕತರೀನ ಹುಟ್ಟಿದಳು. ತಾಯಿ ಲಾಪಾಳಿಗೆ ಆಕೆ ಇಪ್ಪತ್ತನಾಲ್ಕನೆಯ ಮಗುವೆಂದು ಚರಿತ್ರಕಾರರು ಹೇಳುತ್ತಾರೆ. ಅವಳಿಯಾಗಿ ಹುಟ್ಟಿದ ಇನ್ನೊಂದು ಹೆಣ್ಣುಮಗು ಉಳಿಯಲಿಲ್ಲ.

ಆರು ವರ್ಷದ ಕತರೀನಳಿಗೆ, ಗುಡ್ಡದ ಮೇಲಿನ ಸಂತ ದೊಮಿನಿಕರ ದೇವಾಲಯದ ನೆತ್ತಿಯಲ್ಲಿ ಪ್ರಭು ಕ್ರಿಸ್ತರ ದರ್ಶನವಾಯಿತೆಂದೂ, ಮರುವರ್ಷವೇ ಆಕೆ ಕನ್ಯಾವ್ರತದ ಹರಕೆ ಹೊತ್ತಳೆಂದೂ ನಂಬಿಕೆ. ಲಾಪಾಳಿಗೆ ಇದಾವುದೂ ತಿಳಿಯದು. ಲೋಕದ ಎಲ್ಲ ತಾಯಂದಿರಂತೆ ಆಕೆಯೂ ಮಗಳಿಗೆ ಒಳ್ಳೆಯ ವರನನ್ನು ಹುಡುಕತೊಡಗಿದಳು. ಮಗಳು ತನ್ನ ಸುಂದರವಾದ ಕೂದಲನ್ನು ಕತ್ತರಿಸಿಕೊಂಡು ಮುಸುಕೆಳೆದುಕೊಂಡಳು. ಮನೆಯವರು ಕೋಪಗೊಂಡು ಆಕೆಯ ಕೋಣೆಯನ್ನು ಕಸಿದುಕೊಂಡರು. ಆಳಿನ ಕೆಲಸವನ್ನೆಲ್ಲ ಆಕೆಯ ತಲೆಗೆ ಕಟ್ಟಿದರು. ಕತರೀನ ಗೊಣಗಲಿಲ್ಲ. ತಂದೆಯನ್ನು ಕ್ರಿಸ್ತರೆಂದೂ ತಾಯಿಯನ್ನು ಮಾತೆ ಮರಿಯಮ್ಮನವರೆಂದೂ ಅಣ್ಣಂದಿರನ್ನು ಪ್ರೇಷಿತರೆಂದೂ ಮನಸ್ಸಿನಲ್ಲಿ ಭಾವಿಸಿಕೊಂಡು ಅವರಿಗೆ ಊಟ ಬಡಿಸಿದಳು. ಹೊರಗಿನ ಕೋಣೆ ಹೋದರೇನು, ಯಾರೂ ಕಸಿಯಲಾಗದ ಒಂದು ಕೋಣೆಯನ್ನು ಹೃದಯದೊಳಗೆ ಕಟ್ಟಿಕೊಂಡಳು. ಮುಂದೆ ಜಗದ್ಗುರುಗಳ ಆಸ್ಥಾನದಲ್ಲಿಯೂ ಯುದ್ಧದ ನಡುವೆಯೂ ಆಕೆ ವಾಸಿಸಿದ್ದು ಆ ಒಳಕೋಣೆಯಲ್ಲಿಯೇ. ಒಂದು ದಿನ ಪ್ರಾರ್ಥನೆಯಲ್ಲಿದ್ದ ಮಗಳ ತಲೆಯ ಮೇಲೆ ಬಿಳಿಯ ಪಾರಿವಾಳವನ್ನು ಕಂಡ ತಂದೆ, ಇನ್ನು ಯಾರೂ ಆಕೆಯನ್ನು ಕಾಡಕೂಡದೆಂದು ಕಟ್ಟಪ್ಪಣೆ ಮಾಡಿದನಂತೆ.

ಮಠ ಸೇರುವುದು ಕತರೀನಳ ಬಯಕೆಯಾಗಿರಲಿಲ್ಲ. ಮನೆಯಲ್ಲಿದ್ದುಕೊಂಡೇ ಸಂತ ದೊಮಿನಿಕರ ಸಭೆಯ ಮೂರನೆಯ ಶ್ರೇಣಿಗೆ ಸೇರಿ ಬಡವರ ಸೇವೆ ಮಾಡುತ್ತಿದ್ದ ಸ್ತ್ರೀಯರು ಆ ನಗರದಲ್ಲಿದ್ದರು. ಬಿಳಿಯ ಉಡುಪಿನ ಮೇಲೆ ಕಪ್ಪು ಮೇಲುಹೊದಿಕೆ ಅವರ ಗುರುತು. ಬಹುಮಟ್ಟಿಗೆ ಎಲ್ಲರೂ ವಯಸ್ಸಾದ ವಿಧವೆಯರು. ತರುಣಿಯೊಬ್ಬಳನ್ನು ಸೇರಿಸಿಕೊಂಡರೆ ಅಪವಾದ ಬಂದೀತೆಂದು ಅಂಜಿದರು. ಅಷ್ಟರಲ್ಲಿ ಕತರೀನ ಮೈತುಂಬ ಗುಳ್ಳೆಗಳೆದ್ದು ಕಾಯಿಲೆ ಬಿದ್ದಳು. ಮುಖದ ಚೆಲುವು ಕುಂದಿದ್ದನ್ನು ಕಂಡ ಮೇಲೆಯೇ ಆ ಹಿರಿಯ ಹೆಂಗಸರು ಸಮಾಧಾನಪಟ್ಟು ಒಪ್ಪಿಗೆಯಿತ್ತರು! ಬಳಿಕ ಮೂರು ವರ್ಷಗಳ ಕಾಲ ಕತರೀನಮ್ಮನವರು ಒಂದು ಇಕ್ಕಟ್ಟಾದ ಕೋಣೆಯಲ್ಲಿ ಮೌನದಿಂದ ಕಳೆದರು. 1368ರ ಸುಮಾರಿಗೆ ಕ್ರಿಸ್ತರು ಅವರಿಗೆ ಉಂಗುರ ತೊಡಿಸಿ ತಮ್ಮ ವಧುವಾಗಿ ಸ್ವೀಕರಿಸಿದ ದರ್ಶನವಾಯಿತು. ಅದರ ಫಲವಾಗಿ ಅವರು ಇನ್ನೂ ಏಕಾಂತಕ್ಕೆ ಸರಿಯಬೇಕಾಗಿತ್ತಲ್ಲವೇ? ಆದದ್ದು ಬೇರೆ. ಮನೆಯವರೊಡನೆ ಊಟಕ್ಕೆ ಕೂಡು, ನೆರೆಯವರ ಬಳಿಗೆ ಹೋಗು ಎಂಬುದೇ ಅವರಿಗೆ ಬಂದ ದೈವಾಜ್ಞೆ.

ಅವರು ಹೋದರು. ಸಾಂತಾ ಮರಿಯಾ ದೆಲ್ಲಾ ಸ್ಕಾಲಾ ಆಸ್ಪತ್ರೆಯಲ್ಲಿ, ಕುಷ್ಠರೋಗಿಗಳ ನಡುವೆ, ಯಾರೂ ಮುಟ್ಟಲೊಲ್ಲದವರ ಹಾಸಿಗೆಯ ಬಳಿ ಅವರನ್ನು ಕಾಣಬಹುದಾಗಿತ್ತು. ಸ್ತನದ ಹುಣ್ಣಿನಿಂದ ನರಳುತ್ತಿದ್ದ ಆಂದ್ರೆಯಾ ಎಂಬಾಕೆ, ತನ್ನ ಶುಶ್ರೂಷೆ ಮಾಡುತ್ತಿದ್ದ ಕತರೀನಮ್ಮನವರ ಶೀಲದ ಮೇಲೆಯೇ ಅಪವಾದ ಹೊರಿಸಿ ಊರಲ್ಲೆಲ್ಲ ಹಬ್ಬಿಸಿದಳು. ಲಾಪಾ ಕೆರಳಿ, ಇನ್ನು ಆ ಮನೆಯ ಹೊಸಿಲು ತುಳಿಯಬೇಡವೆಂದು ಮಗಳನ್ನು ತಡೆದಳು. ತಾಯಿಯನ್ನು ಒಲಿಸಿ ಮಗಳು ಮರಳಿ ಅಲ್ಲಿಗೇ ಹೋದರು. 1374ರಲ್ಲಿ ಪ್ಲೇಗ್ ಮತ್ತೆ ಬಂದಾಗಲೂ ಅವರು ನಗರವನ್ನು ಬಿಟ್ಟೋಡಲಿಲ್ಲ. ಆ ವರ್ಷವೇ ದೊಮಿನಿಕ್ ಸಭೆಯವರು ಫ್ಲಾರೆನ್ಸಿನಲ್ಲಿ ಅವರನ್ನು ವಿಚಾರಿಸಿ, ವಿದ್ವಾಂಸರೂ ವಿವೇಕಿಗಳೂ ಆಗಿದ್ದ ಕಾಪುವಾದ ರೇಮಂಡ್ ಗುರುಗಳನ್ನು ಅವರಿಗೆ ಮಾರ್ಗದರ್ಶಕರನ್ನಾಗಿ ನೇಮಿಸಿದರು. ಮುಂದೆ ಈ ಗುರುಗಳೇ ಅವರ ಜೀವನಚರಿತ್ರೆಯನ್ನು ಬರೆದರು.

ನಮ್ಮನ್ನು ಬಹುವಾಗಿ ಕಲಕುವ ಘಟನೆಯೊಂದು 1375ರದ್ದು. ಪೆರೂಜಾ ನಗರದ ನಿಕ್ಕೊಲೊ ದಿ ತೋಲ್ದೊ ಎಂಬ ಯುವಕ ಸಿಯೆನಾದ ಆಡಳಿತದ ವಿರುದ್ಧ ನಡೆದುಕೊಂಡನೆಂದು ಅವನಿಗೆ ಶಿರಚ್ಛೇದನದ ಶಿಕ್ಷೆಯಾಯಿತು. ಸೆರೆಯಲ್ಲಿ ಅವನು ಹತಾಶೆಯಿಂದ ಕುದಿಯುತ್ತಿದ್ದನು. ಕತರೀನಮ್ಮನವರು ಸೆರೆಮನೆಗೆ ಹೋದರು. ಅವನು ಪಾಪನಿವೇದನೆ ಮಾಡಿ, ಬಲಿಪೂಜೆಯಲ್ಲಿ ಪಾಲ್ಗೊಂಡು ಪರಮಪ್ರಸಾದ ಸ್ವೀಕರಿಸಿದನು. ಕೊನೆಯ ಗಳಿಗೆಯಲ್ಲಿ ತನ್ನ ಬಳಿ ಇರಬೇಕೆಂದು ಅವರಲ್ಲಿ ಬೇಡಿಕೊಂಡನು. ಮರುದಿನ ಅವನಿಗಿಂತ ಮೊದಲೇ ಕತರೀನಮ್ಮನವರು ವಧಾಸ್ಥಾನವನ್ನು ತಲುಪಿ, ಕೊಡಲಿ ಬೀಳಬೇಕಾಗಿದ್ದ ಕೊರಡಿನ ಮೇಲೆ ತಮ್ಮ ಕೊರಳನ್ನೇ ಇಟ್ಟು ಪ್ರಾರ್ಥಿಸಿದರು. ಅವನು ಬಂದನು, ಅವರನ್ನು ಕಂಡು ನಕ್ಕನು. ಅವರು ಅವನ ಮೇಲೆ ಶಿಲುಬೆಯ ಗುರುತು ಬರೆದು, ಕುರಿಮರಿಯ ರಕ್ತವನ್ನು ನೆನಪಿಸಿ, ಬಾಗಿದ ಅವನ ತಲೆಯನ್ನು ತಮ್ಮ ಎರಡು ಕೈಗಳಲ್ಲಿ ಸ್ವೀಕರಿಸಿದರು. ಯೇಸುವಿನ ಹೆಸರು ಮತ್ತು ಅವರ ಹೆಸರು, ಇವೆರಡೇ ಅವನ ತುಟಿಯಲ್ಲಿದ್ದವು. ಬಟ್ಟೆಗೆ ಸಿಡಿದ ಆ ರಕ್ತವನ್ನು ತೊಳೆಯಲು ಅವರಿಗೆ ಮನಸ್ಸೇ ಬರಲಿಲ್ಲವೆಂದು ರೇಮಂಡ್ ಗುರುಗಳಿಗೆ ಬರೆಸಿದ ಪತ್ರದಿಂದ ತಿಳಿಯುತ್ತದೆ. ಅವನು ದೋಷಿಯೋ ನಿರ್ದೋಷಿಯೋ ಎಂಬ ವಿಚಾರಣೆಗೆ ಅವರು ಇಳಿಯಲೇ ಇಲ್ಲ.

ಇನ್ನು ಶ್ರೀಸಭೆಯ ಸ್ಥಿತಿಯನ್ನು ನೋಡೋಣ. 1309ರಿಂದ ಜಗದ್ಗುರುಗಳು ರೋಮ್ ನಗರವನ್ನು ತೊರೆದು, ಈಗ ಫ್ರಾನ್ಸಿಗೆ ಸೇರಿರುವ ಅವಿನ್ಯೋನ್ ಪಟ್ಟಣದಲ್ಲಿ ನೆಲೆಸಿದ್ದರು. ಸಂತ ಪೇತ್ರರ ಸಮಾಧಿಯಿದ್ದ ನಗರ ಹಾಳುಬೀಳುತ್ತಿತ್ತು; ಅವಿನ್ಯೋನಿನ ಅರಮನೆ ಬೆಳೆಯುತ್ತಿತ್ತು. ಇಟಲಿಯ ಸಂಸ್ಥಾನಗಳನ್ನು ಆಳಲು ಕಳುಹಿಸಿದ ಪ್ರತಿನಿಧಿಗಳ ದರ್ಪದಿಂದ ಜನ ರೋಸಿಹೋದರು. 1375ರಲ್ಲಿ ಫ್ಲಾರೆನ್ಸ್ ನಗರ ಜಗದ್ಗುರುಗಳ ವಿರುದ್ಧ ಯುದ್ಧಕ್ಕೆ ನಿಂತಿತು. 1376ರಲ್ಲಿ ಜಗದ್ಗುರು ಹನ್ನೊಂದನೆಯ ಗ್ರೆಗೋರಿಯವರು ಆ ನಗರದಲ್ಲಿ ಪೂಜೆ ಸಂಸ್ಕಾರಗಳು ನಡೆಯಕೂಡದೆಂದು ನಿಷೇಧ ಹಾಕಿದರು.

ಕತರೀನಮ್ಮನವರು ಜಗದ್ಗುರುಗಳಿಗೆ ಪತ್ರಗಳನ್ನು ಬರೆಸತೊಡಗಿದರು. ಟಸ್ಕನಿಯ ಮಕ್ಕಳು ಮನೆಯಲ್ಲಿ ತಂದೆಯನ್ನು ಕರೆಯುವ ಸಲಿಗೆಯ ಮಾತಿನಿಂದಲೇ ಅವರನ್ನು ಸಂಬೋಧಿಸಿದರು. ಜಗದ್ಗುರುಗಳು ಭೂಮಿಯ ಮೇಲೆ ಕ್ರಿಸ್ತರ ಪ್ರತಿನಿಧಿಯೆಂಬ ವಿಷಯದಲ್ಲಿ ಅವರಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಅದೇ ಉಸಿರಿನಲ್ಲಿ, ಅಂಜುಬುರುಕತನ ಬಿಡಬೇಕೆಂದೂ, ಶ್ರೀಸಭೆಯ ತೋಟದಲ್ಲಿ ದುರಾಶೆಯಿಂದ ನಾರುತ್ತಿರುವ ಅಧಿಕಾರಿಗಳನ್ನು ಕಿತ್ತೆಸೆಯಬೇಕೆಂದೂ, ಸೈನ್ಯದೊಡನೆ ಬಾರದೆ ಶಿಲುಬೆಯನ್ನು ಹಿಡಿದು ರೋಮಿಗೆ ಬರಬೇಕೆಂದೂ ಹೇಳಿದರು. ಇಂದಿಗೂ ನಮ್ಮಲ್ಲಿ ಕೆಲವರು ಶ್ರೀಸಭೆಯ ತಪ್ಪನ್ನು ಎತ್ತಿ ತೋರಿಸುವುದೇ ಅವಿಧೇಯತೆಯೆಂದು ತಿಳಿಯುತ್ತಾರೆ. ಮತ್ತೆ ಕೆಲವರು ತಪ್ಪು ಕಂಡೊಡನೆ ದೇವಾಲಯಕ್ಕೆ ಬೆನ್ನು ತಿರುಗಿಸುತ್ತಾರೆ. ಕತರೀನಮ್ಮನವರಿಗೆ ಈ ಎರಡು ದಾರಿಗಳೂ ತಿಳಿಯವು. ಒಂದು ಮಾತನ್ನು ಇಲ್ಲಿ ಮರೆಮಾಚದೆ ಹೇಳಬೇಕು: ಧರ್ಮಯುದ್ಧವನ್ನು ಸಾರಬೇಕೆಂದೂ ಅವರು ಅದೇ ಪತ್ರಗಳಲ್ಲಿ ಒತ್ತಾಯಿಸಿದರು. ಅದು ಅವರ ಕಾಲದ ಯೋಚನೆ. ಈ ವಿಷಯದಲ್ಲಿ ನಾವು ಅವರನ್ನು ಹಿಂಬಾಲಿಸಲಾರೆವು.

1376ರ ಜೂನ್ 18ರಂದು ಅವರು ಅವಿನ್ಯೋನನ್ನು ತಲುಪಿದರು. ಶಾಂತಿಗಾಗಿ ಅವರ ನೆರವನ್ನು ಬಯಸಿದ್ದ ಫ್ಲಾರೆನ್ಸಿನವರ ರಾಯಭಾರಿಗಳೇ ಕೊನೆಗೆ ಅವರನ್ನು ಲೆಕ್ಕಕ್ಕಿಡಲಿಲ್ಲ. ಆದರೆ ರೋಮಿಗೆ ಮರಳುವ ವಿಷಯದಲ್ಲಿ ಅವರ ಮಾತು ನಾಟಿತು. ಕತರೀನಮ್ಮನವರೊಬ್ಬರೇ ಜಗದ್ಗುರುಗಳನ್ನು ಕರೆತಂದರೆಂದು ಹೇಳುವುದು ರೂಢಿಯಾಗಿದೆ. ಅದು ಅತಿಶಯವೆಂದೇ ನಮ್ಮ ಅಭಿಪ್ರಾಯ. ಸ್ವೀಡನ್ನಿನ ಸಂತ ಬ್ರಿಜಿತಮ್ಮನವರು ಅದಕ್ಕೂ ಮೊದಲೇ ಇದನ್ನೇ ಒತ್ತಾಯಿಸಿದ್ದರು. ಗ್ರೆಗೋರಿಯವರಿಗೂ ಮರಳುವ ಮನಸ್ಸಿತ್ತು, ಇಲ್ಲದಿದ್ದುದು ಧೈರ್ಯ. ಕಾರ್ಡಿನಲರೂ ಬಂಧುಗಳೂ ಕಾಲು ಹಿಡಿದು ಎಳೆಯುತ್ತಿರಲು, ಆ ಧೈರ್ಯವನ್ನು ತುಂಬಿದವರು ಬಣ್ಣಗಾರನ ಮಗಳು. ಸೆಪ್ಟೆಂಬರ್ 13ರಂದು ಜಗದ್ಗುರುಗಳು ಅವಿನ್ಯೋನನ್ನು ಬಿಟ್ಟು, 1377ರ ಜನವರಿ 17ರಂದು ರೋಮನ್ನು ಪ್ರವೇಶಿಸಿದರು. ಆ ಮೆರವಣಿಗೆಯಲ್ಲಿ ಕತರೀನಮ್ಮನವರು ಇರಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! 1378ರ ಮಾರ್ಚ್ 27ರಂದು ಗ್ರೆಗೋರಿಯವರು ತೀರಿಕೊಂಡರು. ರೋಮಿನ ಜನ ಗುಂಪುಗೂಡಿ ರೋಮಿನವನೋ, ಇಟಲಿಯವನೋ ಬೇಕೆಂದು ಕೂಗಾಡುತ್ತಿರಲು, ಕಾರ್ಡಿನಲರು ಬಾರಿಯ ಮಹಾಧರ್ಮಾಧ್ಯಕ್ಷರನ್ನು ಆರಿಸಿದರು. ಅವರೇ ಆರನೆಯ ಅರ್ಬನ್. ಸುಧಾರಣೆಯ ಹಂಬಲವಿದ್ದವರು, ಆದರೆ ನಾಲಗೆ ಕಟು, ಕೋಪ ಅತಿ. ಕೆಲವೇ ತಿಂಗಳಲ್ಲಿ ಕಾರ್ಡಿನಲರು ಅವರನ್ನು ತೊರೆದು, ಆಯ್ಕೆ ಭಯದಿಂದ ನಡೆದದ್ದೆಂದು ಸಾರಿ, ಸೆಪ್ಟೆಂಬರ್ 20ರಂದು ಮತ್ತೊಬ್ಬರನ್ನು ಏಳನೆಯ ಕ್ಲೆಮೆಂಟ್ ಎಂದು ಆರಿಸಿದರು. ಕ್ಲೆಮೆಂಟ್ ಅವಿನ್ಯೋನಿಗೆ ಮರಳಿ ಹೋದರು. ರಾಜ್ಯಗಳು, ಮಠಗಳು, ಕುಟುಂಬಗಳು ಇಬ್ಭಾಗವಾದವು. ಸಂತರೂ ಇಬ್ಭಾಗವಾದರು: ವಿನ್ಸೆಂಟ್ ಫೆರರ್ ಅವರಂಥ ಮಹಾನುಭಾವರೇ ಅವಿನ್ಯೋನಿನ ಪಕ್ಷದಲ್ಲಿದ್ದರು.

ಆ ವರ್ಷ ಕತರೀನಮ್ಮನವರು ಶಾಂತಿಗಾಗಿ ಫ್ಲಾರೆನ್ಸಿನಲ್ಲಿ ದುಡಿಯುತ್ತಿದ್ದಾಗ ದಂಗೆಕೋರರು ಕತ್ತಿ ಹಿರಿದು ಅವರನ್ನು ಹುಡುಕಿ ಬಂದಿದ್ದರು. ಹೇಗೋ ಪ್ರಾಣ ಉಳಿಯಿತು. ರಕ್ತಸಾಕ್ಷಿಯಾಗುವ ಭಾಗ್ಯ ತಪ್ಪಿತಲ್ಲಾ ಎಂದು ಅವರು ಅತ್ತರು. ಜುಲೈಯಲ್ಲಿ ಶಾಂತಿ ಒಪ್ಪಂದವೂ ಆಯಿತು. ತಮ್ಮ ‘ಸಂವಾದ’ ಗ್ರಂಥವನ್ನು ಅವರು ಹೇಳಿ ಬರೆಸಿ ಮುಗಿಸಿದ್ದು ಆ ವರ್ಷವೇ. ನವೆಂಬರಿನಲ್ಲಿ ಅರ್ಬನರು ಅವರನ್ನು ರೋಮಿಗೆ ಕರೆಸಿಕೊಂಡು, ಕಾರ್ಡಿನಲರ ಸಭೆಯಲ್ಲಿ ಮಾತನಾಡಿಸಿದರು. ಅರ್ಬನರೇ ನಿಜವಾದ ಜಗದ್ಗುರುಗಳೆಂದು ಕತರೀನಮ್ಮನವರು ರಾಜರಿಗೂ ರಾಣಿಯರಿಗೂ ಪತ್ರಗಳನ್ನು ಕಳುಹಿಸಿದರು. ಆದರೂ ಅರ್ಬನರ ಸ್ವಭಾವವನ್ನು ಕುರಿತು ಅವರು ಕುರುಡರಾಗಿರಲಿಲ್ಲ. ಆ ಕ್ರಿಸ್‌ಮಸ್‌ಗೆ ಅವರು ಜಗದ್ಗುರುಗಳಿಗೆ ಐದು ಕಿತ್ತಳೆ ಹಣ್ಣುಗಳನ್ನು ಸಕ್ಕರೆಪಾಕದಲ್ಲಿ ಅದ್ದಿ, ಚಿನ್ನದ ರೇಕು ಹೊದಿಸಿ ಕಾಣಿಕೆಯಾಗಿ ಕಳುಹಿಸಿದರು. ಜೊತೆಗಿದ್ದ ಪತ್ರದಲ್ಲಿ, ಕಹಿಯಾದ ಕಿತ್ತಳೆಯನ್ನು ನೀರಿನಲ್ಲಿ ನೆನೆಸಿ ಕಹಿ ತೆಗೆದು, ಒಳಗೆ ಸತ್ವ ತುಂಬಿ, ಮೇಲೆ ಸಿಹಿ ಸವರಿದರೆ ಹೇಗೆ ಸವಿಯಾಗುತ್ತದೆಂಬುದನ್ನು ವಿವರಿಸಿದ್ದರು. ಅಡುಗೆಮನೆಯಲ್ಲಿ ಬೆಳೆದ ಹೆಣ್ಣುಮಗಳಿಗಲ್ಲದೆ ಇನ್ನಾರಿಗೆ ಹೊಳೆದೀತು ಇಂಥ ಉಪದೇಶ! ಅರ್ಬನರು ಹಣ್ಣುಗಳನ್ನು ಸವಿದಿರಬಹುದು, ಸ್ವಭಾವವಂತೂ ಮೆತ್ತಗಾಗಲಿಲ್ಲ. ಕತರೀನಮ್ಮನವರು ತೀರಿಕೊಂಡ ಕೆಲವು ವರ್ಷಗಳ ಮೇಲೆ ಅವರು ತಮ್ಮವರೇ ಆದ ಕಾರ್ಡಿನಲರನ್ನು ಚಿತ್ರಹಿಂಸೆಗೆ ಗುರಿಮಾಡಿದುದು ಇತಿಹಾಸದಲ್ಲಿ ದಾಖಲಾಗಿದೆ.

ರೇಮಂಡ್ ಗುರುಗಳನ್ನು ಫ್ರಾನ್ಸಿನ ರಾಜನ ಬಳಿಗೆ ಕಳುಹಿಸಲಾಯಿತು. ದಾರಿಯಲ್ಲಿ ಶತ್ರುಗಳು ಹೊಂಚುಹಾಕಿರುವರೆಂದು ತಿಳಿದು ಅವರು ಹಿಂದಿರುಗಿದರು. ತಮಗೆ ಗುರುವಾಗಿದ್ದ ಅವರನ್ನೂ ಕತರೀನಮ್ಮನವರು ಪತ್ರದಲ್ಲಿ ನಯವಾಗಿಯೇ ಗದರಿಸಿದರು. ಇತ್ತ ಅವರ ದೇಹ ಕೃಶವಾಗುತ್ತಿತ್ತು. ವರ್ಷಗಟ್ಟಲೆ ಪರಮಪ್ರಸಾದದ ಹೊರತು ಬೇರೆ ಆಹಾರ ಅವರ ಮೈಗೆ ಹಿಡಿಯುತ್ತಿರಲಿಲ್ಲ. ಊಟ ಮಾಡೆಂದು ಗುರುಗಳು ಹೇಳಿದರೂ ಆಗುತ್ತಿರಲಿಲ್ಲ. ಇದನ್ನು ಕಂಡು ಯಾರೂ ಅನುಕರಿಸಹೋಗಬಾರದು. ದಂಡನೆಯ ವ್ರತಗಳು ಸಾಧನವೇ ಹೊರತು ಗುರಿಯಲ್ಲವೆಂದು ಅವರೇ ಇತರರಿಗೆ ಬರೆದು ಎಚ್ಚರಿಸಿದ್ದಾರೆ.

1380ರ ಮೊದಲ ತಿಂಗಳುಗಳಲ್ಲಿ, ನಿಲ್ಲಲು ಶಕ್ತಿಯಿಲ್ಲದಿದ್ದರೂ ಅವರು ದಿನವೂ ಸಂತ ಪೇತ್ರರ ಮಹಾದೇವಾಲಯಕ್ಕೆ ನಡೆದು ಹೋಗಿ ಸಂಜೆಯವರೆಗೂ ಪ್ರಾರ್ಥಿಸುತ್ತಿದ್ದರು. ಅಲ್ಲಿ ಚಿತ್ರಕಾರ ಜೊತ್ತೊ ರಚಿಸಿದ್ದ, ಬಿರುಗಾಳಿಗೆ ಸಿಕ್ಕಿದ ಪೇತ್ರರ ಹಡಗಿನ ದೊಡ್ಡ ಚಿತ್ರವಿತ್ತು. ಒಂದು ದಿನ ಆ ಹಡಗು ಚಿತ್ರದಿಂದ ಇಳಿದು ತಮ್ಮ ಹೆಗಲನ್ನೇರಿದಂತೆ ಅವರಿಗೆ ಅನುಭವವಾಯಿತು. ಭಾರ ತಾಳಲಾರದೆ ಕುಸಿದುಬಿದ್ದರು. ಆಮೇಲೆ ಹಾಸಿಗೆ ಹಿಡಿದರು. ಏಪ್ರಿಲ್ 29ರಂದು, ಸುತ್ತಲಿದ್ದ ಶಿಷ್ಯರಿಗೆ ಬುದ್ಧಿ ಹೇಳಿ, ಇಳಿವಯಸ್ಸಿನ ತಾಯಿ ಲಾಪಾಳ ಆಶೀರ್ವಾದ ಬೇಡಿ, ಪ್ರಾಣಬಿಟ್ಟರು. ಅವರು ಹಂಬಲಿಸಿದ್ದ ಸುಧಾರಣೆ ಆಗಿರಲಿಲ್ಲ. ಜಗದ್ಗುರುಗಳು ರೋಮಿಗೆ ಬಂದುದರ ಬೆನ್ನಿಗೇ ಶ್ರೀಸಭೆ ಸೀಳಿಹೋಗಿತ್ತು. ಇದೆಲ್ಲ ತಮ್ಮ ಪಾಪಗಳ ಫಲವೆಂದೇ ಅವರು ಕೊನೆಯವರೆಗೂ ನಂಬಿದ್ದರು.

ಬಿರುಕು ಮುಚ್ಚಲು ಇನ್ನೂ ಮೂವತ್ತೇಳು ವರ್ಷಗಳು ಬೇಕಾದವು. ನಡುವೆ, 1409ರಲ್ಲಿ, ಮೂರನೆಯವರೊಬ್ಬರೂ ಜಗದ್ಗುರುವೆಂದು ಹೊರಟರು. 1417ರ ನವೆಂಬರ್ 11ರಂದು ಕಾನ್‌ಸ್ಟನ್ಸ್ ಮಹಾಸಭೆಯಲ್ಲಿ ಐದನೆಯ ಮಾರ್ಟಿನ್ ಅವರು ಆಯ್ಕೆಯಾದ ಬಳಿಕ ಶ್ರೀಸಭೆ ಒಂದಾಯಿತು. 1461ರಲ್ಲಿ, ಸಿಯೆನಾ ಸೀಮೆಯವರೇ ಆದ ಜಗದ್ಗುರು ಎರಡನೆಯ ಪಯಸ್ ಅವರು ಕತರೀನಮ್ಮನವರಿಗೆ ಸಂತ ಪದವಿಯನ್ನಿತ್ತರು. 1970ರ ಅಕ್ಟೋಬರ್ 4ರಂದು ಜಗದ್ಗುರು ಆರನೆಯ ಪೌಲರು ಅವರನ್ನು ಶ್ರೀಸಭೆಯ ಪಂಡಿತರ ಸಾಲಿಗೆ ಸೇರಿಸಿದರು. ಒಂದು ವಾರದ ಹಿಂದೆಯಷ್ಟೇ ಆ ಗೌರವ ಪಡೆದ ಆವಿಲಾದ ಸಂತ ತೆರೇಸಮ್ಮನವರನ್ನು ಬಿಟ್ಟರೆ, ಅಲ್ಲಿಯವರೆಗೆ ಯಾವ ಸ್ತ್ರೀಗೂ ಅದು ಸಂದಿರಲಿಲ್ಲ. ಅವರು ಬರೆಸಿದ ಸುಮಾರು 380 ಪತ್ರಗಳು ಇಂದಿಗೂ ಉಳಿದಿವೆ. ಅವರ ದೇಹವು ರೋಮಿನ ಸಾಂತಾ ಮರಿಯಾ ಸೋಪ್ರಾ ಮಿನೆರ್ವಾ ದೇವಾಲಯದ ಪೀಠದ ಕೆಳಗಿದೆ. ಶಿರಸ್ಸನ್ನು ಮಾತ್ರ ಸಿಯೆನಾದ ಜನರು ತಮ್ಮೂರಿಗೆ ತಂದುಕೊಂಡು, ಫೊಂತೆಬ್ರಾಂದಾ ಕೇರಿಯ ಮೇಲಿನ ಗುಡ್ಡದಲ್ಲಿರುವ ಸಂತ ದೊಮಿನಿಕರ ದೇವಾಲಯದಲ್ಲಿ ಇರಿಸಿಕೊಂಡಿದ್ದಾರೆ.