ಅಪ್ಪ ನೋಡದೇ ಹೋದ ಹೂವು

ಯಾವುದಾದ್ರೂ ಮದುವೆ ಮನೆಗೆ ಹೋಗಿ ನೋಡಿ. ನೆಂಟರ ಮೊದಲ ಪ್ರಶ್ನೆ ಯಾವ ಬ್ರಾಂಚ್ ಅಂತ, ಎರಡನೇದು ಮುಂದೆ ಏನ್ ಮಾಡ್ತೀಯಾ ಅಂತ. ವಯಸ್ಸು ಮೂವತ್ತು ದಾಟಿದ ಮೇಲೂ ಆ ಎರಡನೇ ಪ್ರಶ್ನೆಗೆ ಉತ್ತರ ಸಿಗದೆ ಒದ್ದಾಡಿದ ಒಬ್ಬನ ಕಥೆ ಇದು. ಹೆಸರು ವಿಲಿಯಂ ಬಾರ್ಟ್ರಂ. ಅಮೆರಿಕದ ಸಸ್ಯಶಾಸ್ತ್ರದ ಚರಿತ್ರೆಯಲ್ಲಿ ಇವತ್ತು ಅವನದು ದೊಡ್ಡ ಹೆಸರು. ಆದ್ರೆ ಅಪ್ಪನಿಗೆ ಮಾತ್ರ ಅವನು ತುಂಬಾ ವರ್ಷ ಒಂದು ಚಿಂತೆಯಾಗಿಯೇ ಇದ್ದ.

ಅಪ್ಪ ಜಾನ್ ಬಾರ್ಟ್ರಂ ಫಿಲಡೆಲ್ಫಿಯಾ ಹತ್ತಿರದ ರೈತ. ಕಾಲೇಜಿಗೆ ಹೋದವರಲ್ಲ, ಗಿಡಗಳ ಬಗ್ಗೆ ತಾವೇ ಓದಿ ಕಲಿತವರು. 1728ರಲ್ಲಿ ಸ್ಕೂಲ್‌ಕಿಲ್ ನದಿಯ ದಂಡೆಯಲ್ಲಿ ಜಮೀನು ತಗೊಂಡು ತೋಟ ಮಾಡಿದರು. ಕಾಡು ಮೇಡು ಸುತ್ತಿ ಬೀಜ ತರೋದು, ಪೆಟ್ಟಿಗೆಗಳಲ್ಲಿ ತುಂಬಿ ಲಂಡನ್ನಿಗೆ ಹಡಗಲ್ಲಿ ಕಳಿಸೋದು, ಇದೇ ಅವರ ದಂಧೆಯಾಯ್ತು. ಗಾಳಿಪಟ ಹಾರಿಸಿ ಮಿಂಚನ್ನು ಪರೀಕ್ಷೆ ಮಾಡಿದ ಬೆಂಜಮಿನ್ ಫ್ರಾಂಕ್ಲಿನ್ ಅವರ ಆಪ್ತ ಸ್ನೇಹಿತರು.

ವಿಲಿಯಂ ಹುಟ್ಟಿದ್ದು 1739ರಲ್ಲಿ. ಚಿಕ್ಕವನಿದ್ದಾಗಿಂದ ಅವನಿಗೆ ಎರಡೇ ಹುಚ್ಚು, ಗಿಡ ನೋಡೋದು ಮತ್ತು ಚಿತ್ರ ಬಿಡಿಸೋದು. ಇದರಿಂದ ಹೊಟ್ಟೆ ತುಂಬುತ್ತಾ ಅನ್ನೋದು ಅಪ್ಪನ ಚಿಂತೆ. ವೈದ್ಯಕೀಯ ಕಲಿಸೋಣ್ವಾ ಅಂತ ಯೋಚಿಸಿದರು, ಆಗಲಿಲ್ಲ. ಫ್ರಾಂಕ್ಲಿನ್ ತಮ್ಮ ಮುದ್ರಣದ ಕೆಲಸ ಕಲಿಸ್ತೀನಿ ಅಂತ ಮುಂದೆ ಬಂದ್ರು. ಆ ಕೆಲಸದಲ್ಲಿ ಫ್ರಾಂಕ್ಲಿನ್ ಬಿಟ್ಟು ಬೇರೆ ಯಾರು ದುಡ್ಡು ಮಾಡಿದ್ದಾರೆ ಅನ್ನೋ ಅನುಮಾನ ಜಾನ್ ಅವರಿಗೆ! ಕೊನೆಗೆ ಮಗನನ್ನ ಒಬ್ಬ ವ್ಯಾಪಾರಿಯ ಹತ್ತಿರ ಕೆಲಸ ಕಲಿಯೋಕೆ ಬಿಟ್ಟರು. ಆಮೇಲೆ ವಿಲಿಯಂ ನಾರ್ತ್ ಕೆರೊಲಿನಾದಲ್ಲಿ ಅಂಗಡಿ ಇಟ್ಟ. ನಡೀಲಿಲ್ಲ.

1765ರಲ್ಲಿ ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್ ಜಾನ್ ಅವರನ್ನ ವರ್ಷಕ್ಕೆ 50 ಪೌಂಡ್ ಸಂಬಳದ ಮೇಲೆ ತನ್ನ ಸಸ್ಯಶಾಸ್ತ್ರಜ್ಞನಾಗಿ ನೇಮಿಸಿದ. ಅಪ್ಪ ಮಗ ಇಬ್ಬರೂ ದಕ್ಷಿಣಕ್ಕೆ ಹೊರಟರು. ಅಕ್ಟೋಬರ್ 1ರಂದು ಜಾರ್ಜಿಯಾದ ಆಲ್ಟಮಾಹಾ ನದಿಯ ಹತ್ತಿರ ದಾರಿ ತಪ್ಪಿತು. ಹಾಗೆ ತಪ್ಪಿದ ದಾರಿಯಲ್ಲೇ ಕಣ್ಣಿಗೆ ಬಿತ್ತು, ಅವರಿಬ್ಬರೂ ಎಲ್ಲೂ ನೋಡಿರದ ಒಂದು ಎತ್ತರದ ಪೊದೆಗಿಡ. ಆದ್ರೆ ಆವತ್ತು ಅದರಲ್ಲಿ ಹೂ ಇರಲಿಲ್ಲ. ನೋಡಿಕೊಂಡು ಮುಂದೆ ಹೋದರು.

ಪ್ರಯಾಣ ಮುಗಿದ ಮೇಲೆ ವಿಲಿಯಂ ಫ್ಲಾರಿಡಾದಲ್ಲೇ ಉಳಿದು ಬೇಸಾಯ ಮಾಡ್ತೀನಿ ಅಂತ ಹಟ ಹಿಡಿದ. ಅಪ್ಪ ದುಡ್ಡು ಹಾಕಿದರು. ಇಲ್ಲೊಂದು ವಿಷಯ ಮುಚ್ಚಿಡಬಾರದು: ಆ ಜಮೀನಿನ ಕೆಲಸಕ್ಕೆ ಗುಲಾಮರನ್ನೂ ಕೊಂಡು ಕೊಟ್ಟರು. ಸುತ್ತ ಜೌಗು, ಮೇಲೆ ಬಿಸಿಲು, ಜ್ವರ ಬೇರೆ. ಒಂದು ವರ್ಷವೂ ಆಗೋ ಮೊದಲೇ ಅದೂ ಮುಳುಗಿತು. ಊರವರ ಕಣ್ಣಲ್ಲಿ ವಿಲಿಯಂ ಪದೇ ಪದೇ ಫೇಲ್ ಆದವನು.

ಅವನನ್ನ ಕಾಪಾಡಿದ್ದು ಅವನ ಚಿತ್ರಗಳು. ಲಂಡನ್ನಿನ ವೈದ್ಯ ಜಾನ್ ಫಾದರ್‌ಗಿಲ್ ಅವುಗಳನ್ನ ನೋಡಿ ಮೆಚ್ಚಿದರು. ಗಿಡ, ಬೀಜ, ಚಿತ್ರ ಕಳಿಸಿದ್ರೆ ವರ್ಷಕ್ಕೆ 50 ಪೌಂಡ್ ಕೊಡೋಕೆ ಒಪ್ಪಿದರು. 1773ರಲ್ಲಿ, ಮೂವತ್ತನಾಲ್ಕನೇ ವಯಸ್ಸಲ್ಲಿ, ವಿಲಿಯಂ ಹೊರಟ. ಸುಮಾರು ನಾಲ್ಕು ವರ್ಷ ಕೆರೊಲಿನಾ, ಜಾರ್ಜಿಯಾ, ಫ್ಲಾರಿಡಾ ಸುತ್ತಿ ಮಿಸಿಸಿಪ್ಪಿ ನದಿವರೆಗೂ ಹೋದ. ದೋಣಿ ಮೇಲೆ ಮೊಸಳೆ ಜಾತಿಯ ಆಲಿಗೇಟರ್‌ಗಳು ಎರಗಿದವು. ಅಲ್ಲಿನ ಮೂಲನಿವಾಸಿಗಳ ಜೊತೆ ಕೂತು ಉಂಡ. ಸೆಮಿನೋಲ್ ಜನರ ನಾಯಕ ಅವನಿಗೆ ಹೂ ಹುಡುಕುವವನು ಅನ್ನೋ ಅರ್ಥದ ಹೆಸರು ಕೊಟ್ಟ. ಊರಲ್ಲಿ ಯಾರಿಗೂ ಬೇಡವಾಗಿದ್ದ ಹುಚ್ಚೇ ಅಲ್ಲಿ ಅವನ ಗುರುತಾಯ್ತು.

ಈ ಸುತ್ತಾಟದಲ್ಲೇ ಅವನು ಮತ್ತೆ ಆಲ್ಟಮಾಹಾ ದಂಡೆಗೆ ಹೋದ. ಈ ಸಲ ಗಿಡ ಹೂ ಬಿಟ್ಟಿತ್ತು. ಐದು ದಳದ ದೊಡ್ಡ ಬಿಳಿ ಹೂವು, ನಡುವೆ ಹಳದಿ ಕೇಸರಗಳ ಗುಂಪು, ಒಳ್ಳೆ ಪರಿಮಳ. ಇದು ನಮ್ಮ ಚಹಾ ಗಿಡದ ಕುಟುಂಬಕ್ಕೇ ಸೇರಿದ್ದು. ಅಷ್ಟು ಊರು ತಿರುಗಿದವನಿಗೂ ಈ ಗಿಡ ಕಂಡಿದ್ದು ಅಲ್ಲೊಂದೇ ಕಡೆ, ಎರಡು ಮೂರು ಎಕರೆ ಜಾಗದಲ್ಲಿ. ಅಲ್ಲಿಂದ ಬೀಜ ತಗೊಂಡ.

1777ರ ಜನವರಿಯಲ್ಲಿ ವಿಲಿಯಂ ಮನೆ ಸೇರಿದ. ದೇಶದಲ್ಲಿ ಸ್ವಾತಂತ್ರ್ಯದ ಯುದ್ಧ ನಡೀತಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಪ್ಪ ತೀರಿಕೊಂಡರು. ತೋಟದಲ್ಲಿ ಆ ಗಿಡ ಮೊದಲ ಸಲ ಹೂ ಬಿಟ್ಟಿದ್ದು 1781ರಲ್ಲಿ. ಅಂದ್ರೆ ಹದಿನಾರು ವರ್ಷದ ಹಿಂದೆ ಮಗನ ಜೊತೆ ದಾರಿ ತಪ್ಪಿ ಆ ಗಿಡವನ್ನ ಕಂಡಿದ್ದ ಜಾನ್, ಅದು ತಮ್ಮ ತೋಟದಲ್ಲಿ ಅರಳಿದ್ದನ್ನ ನೋಡಲೇ ಇಲ್ಲ.

ಗಿಡಕ್ಕೆ ಅಪ್ಪನ ಗೆಳೆಯನ ಹೆಸರಿಟ್ಟರು, ಜೊತೆಗೆ ನದಿಯ ಹೆಸರು: ಫ್ರಾಂಕ್ಲಿನಿಯಾ ಅಲಟಮಾಹಾ. 1785ರಲ್ಲಿ ಅವರ ಸಂಬಂಧಿ ಹಂಫ್ರಿ ಮಾರ್ಷಲ್ ಅದನ್ನ ಪುಸ್ತಕದಲ್ಲಿ ಪ್ರಕಟಿಸಿದರು.

ಇನ್ನು ಕೇಳಿ. 1803ರಲ್ಲಿ ಜಾನ್ ಲಯನ್ ಅನ್ನೋ ಗಿಡ ಸಂಗ್ರಾಹಕ ಆ ನದಿ ದಂಡೆಯಲ್ಲಿ ಇದನ್ನ ನೋಡಿದ. ಅದೇ ಕೊನೆ. ಆಮೇಲೆ ಹೋದವರಿಗೆ ಕಾಡಿನಲ್ಲಿ ಒಂದೂ ಸಿಗಲಿಲ್ಲ. ಪ್ರವಾಹವೋ, ಬೆಂಕಿಯೋ, ಹತ್ತಿ ಹೊಲಗಳಿಂದ ಬಂದ ರೋಗವೋ, ವಿಜ್ಞಾನಿಗಳಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಈಗ ಜಗತ್ತಿನ ತೋಟಗಳಲ್ಲಿ ಇರೋ ಫ್ರಾಂಕ್ಲಿನಿಯಾಗಳೆಲ್ಲ ಬಾರ್ಟ್ರಂ ತೋಟದ ಗಿಡಗಳ ಸಂತಾನ ಅಂತಲೇ ನಂಬಿಕೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒರಿಜಿನಲ್ ಫೈಲ್ ಡಿಲೀಟ್ ಆಗಿದೆ, ಬ್ಯಾಕಪ್ ಮಾತ್ರ ಉಳಿದಿದೆ. ಬ್ಯಾಕಪ್ ತಗೊಂಡವನು ಅಂಗಡಿ ನಡೆಸೋಕೆ ಬಾರದ ವಿಲಿಯಂ.

ಮುಂದೆ ಅವನು ಆ ತೋಟ ಬಿಟ್ಟು ದೂರ ಹೋಗಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಹುದ್ದೆ ಬಂದಾಗ ಬೇಡ ಅಂದ. 1791ರಲ್ಲಿ ಅವನ ಪ್ರವಾಸದ ಪುಸ್ತಕ ಬಂತು, ಇಂಗ್ಲೆಂಡಿನಲ್ಲಿ ಕೋಲರಿಜ್, ವರ್ಡ್ಸ್‌ವರ್ತ್ ಕೂಡ ಓದಿದರು. ಅಲೆಕ್ಸಾಂಡರ್ ವಿಲ್ಸನ್ ಅನ್ನೋ ಮೇಷ್ಟ್ರಿಗೆ ಹಕ್ಕಿಗಳ ಬಗ್ಗೆ ಕಲಿಸಿದ. ಆ ಮೇಷ್ಟ್ರು ಮುಂದೆ ಅಮೆರಿಕದ ಹೆಸರಾಂತ ಪಕ್ಷಿತಜ್ಞರಾದರು. 1823ರ ಜುಲೈನಲ್ಲಿ, 84ನೇ ವಯಸ್ಸಲ್ಲಿ, ವಿಲಿಯಂ ಅದೇ ತೋಟದ ಮನೆಯಲ್ಲಿ ಕೊನೆಯುಸಿರೆಳೆದ.

ಇದನ್ನ ಓದಿ ನಾಳೆನೇ ಕೋರ್ಸ್ ಬಿಡಿ ಅಂತ ನಾನು ಹೇಳ್ತಿಲ್ಲ, ನಾನೂ ಬಿಡ್ತಿಲ್ಲ! ಜಾನ್ ಅವರ ಚಿಂತೆಯೂ ತಪ್ಪಲ್ಲ, ಮಗ ಉಪವಾಸ ಬೀಳಬಾರದು ಅಂತ ಯಾವ ಅಪ್ಪನಿಗೆ ಇರಲ್ಲ? ಆದ್ರೆ ಆ ಎರಡು ಮೂರು ಎಕರೆಗೆ ಮತ್ತೆ ಹೋಗಿ ಬೀಜ ತರೋಕೆ ಲಾಭ ನಷ್ಟ ನೋಡದ ಒಬ್ಬ ಮನುಷ್ಯ ಬೇಕಿತ್ತು. ನಿಮ್ಮ ರೂಮ್‌ಮೇಟ್ ಏನೋ ಒಂದು ಕೆಲಸಕ್ಕೆ ಬಾರದ ವಿಷಯ ಹಿಡಿದು ರಾತ್ರಿಯೆಲ್ಲ ಕೂತಿದ್ರೆ, ನಗೋ ಮೊದಲು ಏನದು ಅಂತ ಒಂದು ಸಲ ಕೇಳಿ.